ಹಳೇ ಕಂಪ್ಯೂಟರಿನ ಹಾಡು ಹೊಸ ಫೋನಿಗೆ: ಒಂದೂ ಕಳೆಯದಂತೆ ಸಾಗಿಸುವುದು ಹೇಗೆ?

ನಮ್ಮ ಮನೆಯ ಹಳೇ ಕಂಪ್ಯೂಟರ್ ಆನ್ ಆಗಬೇಕಾದರೆ ಬಟನ್ ಒತ್ತಿ, ಒಂದು ಲೋಟ ಕಾಫಿ ಕುಡಿದು ಬರಬೇಕು. ಆದರೂ ಗುಜರಿಗೆ ಹಾಕಲು ಮನಸ್ಸಾಗಿರಲಿಲ್ಲ. ಅದರ ಡಿ ಡ್ರೈವಿನಲ್ಲಿ ಸುಮಾರು 6,000 ಹಾಡು ಇದ್ದವು. ಎಂಪಿ3 ಸಿಡಿಗಳ ಕಾಲದಲ್ಲಿ ಸೇರಿಸಿದ ಸಿನಿಮಾ ಹಾಡು, ಅಮ್ಮನ ದಾಸರ ಪದ, ಭಾವಗೀತೆ, ಜೊತೆಗೆ ಅಪ್ಪ ಕ್ಯಾಸೆಟ್‌ನಿಂದ ಇಳಿಸಿಟ್ಟಿದ್ದ ತಾಳಮದ್ದಲೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಈಗ ಇದೇ ಕಥೆ ಇರಬೇಕು.

ಮೊದಲ ಸಲ ನಾನೂ ಎಲ್ಲರಂತೆಯೇ ಮಾಡಿದೆ. ಎಲ್ಲ ಸೆಲೆಕ್ಟ್ ಮಾಡಿ, ಎಳೆದು ಫೋನಿಗೆ ಸುರಿದೆ. ಹಾಡು ಬಂದವು, ಹೆಸರು ಬರಲಿಲ್ಲ. ‘ಅನ್‌ನೋನ್ ಆರ್ಟಿಸ್ಟ್’ ಎಂಬ ಮಹಾನುಭಾವರು ಸಾವಿರಕ್ಕೂ ಜಾಸ್ತಿ ಹಾಡು ಹಾಡಿಬಿಟ್ಟಿದ್ದರು. ‘ಟ್ರ್ಯಾಕ್ 01’ ಎಂಬ ಹಾಡೇ ನಲವತ್ತು ಇತ್ತು. ಕಾಪಿ ಮಾಡುವುದು ಸುಲಭ. ಕಷ್ಟವೆಲ್ಲ ಅದಕ್ಕೂ ಮೊದಲೇ ಇದೆ.

ಮೊದಲು ಒಂದು ತವರು ಮಾಡಿ

ಚದುರಿದ ಹಾಡನ್ನೆಲ್ಲ ಒಂದು ಕಡೆ ಸೇರಿಸಿ. ಹೊಸ ಲ್ಯಾಪ್‌ಟಾಪ್‌ನಲ್ಲೋ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲೋ ಒಂದು ಫೋಲ್ಡರ್ ಮಾಡಿಕೊಳ್ಳಿ. ನಾನು ಇದನ್ನು ತವರು ಫೋಲ್ಡರ್ ಎನ್ನುತ್ತೇನೆ. ಫೋನ್, ಕಾರು, ಟ್ಯಾಬ್, ಎಲ್ಲಿಗೇ ಆದರೂ ಹಾಡು ಹೋಗಬೇಕಾದ್ದು ಇಲ್ಲಿಂದಲೇ. ಅಣ್ಣನ ಫೋನಿನಿಂದ ಕಾರಿಗೆ, ಕಾರಿನ ಪೆನ್‌ಡ್ರೈವಿನಿಂದ ಟಿವಿಗೆ ಎಂದು ಅಡ್ಡದಾರಿ ಹಿಡಿದರೆ, ವರ್ಷ ಕಳೆಯುವುದರೊಳಗೆ ಯಾವುದು ಸರಿಯಾದ ಪ್ರತಿ ಎಂದು ಗೊತ್ತಾಗುವುದೇ ಇಲ್ಲ.

ಜಾಗ ಎಷ್ಟು ಬೇಕು? 128 ಕೆಬಿಪಿಎಸ್‌ನ (ಸೆಕೆಂಡಿನ ಹಾಡಿಗೆ ಎಷ್ಟು ಕಿಲೋಬಿಟ್ ಎಂಬ ಅಳತೆ) ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ. 320 ಆದರೆ ಸುಮಾರು 2.4 ಎಂಬಿ. ನನ್ನ 6,000 ಹಾಡು 30 ಜಿಬಿ ಆಸುಪಾಸು ಬಂತು. 64 ಜಿಬಿ ಪೆನ್‌ಡ್ರೈವ್ ಧಾರಾಳವಾಗಿ ಸಾಕಿತ್ತು. ನಾನು ಆಸೆಬುರುಕ. ಫುಟ್‌ಪಾತ್ ಮೇಲೆ ಅಗ್ಗಕ್ಕೆ ಸಿಕ್ಕಿತೆಂದು 128 ಜಿಬಿಯದ್ದು ತಂದೆ. ಕಾಪಿ ಆಗುವಾಗ ಒಂದು ಎರರ್ ಕೂಡ ಬರಲಿಲ್ಲ. ಆಮೇಲೆ ತೆರೆದರೆ ಮೊದಲ ಕೆಲವು ಫೋಲ್ಡರ್ ಬಿಟ್ಟು ಉಳಿದದ್ದೆಲ್ಲ ಬರೀ ಹೆಸರು, ಒಳಗೆ ಹಾಡೇ ಇಲ್ಲ. ಒಳಗಿದ್ದ ಚಿಪ್ಪು ಸಣ್ಣದು, ದೊಡ್ಡದೆಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತಿತ್ತು. ಇಂಥದ್ದನ್ನು ಹಿಡಿಯಲು ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಟೂಲ್ ಇದೆ. ಅದು ಪೆನ್‌ಡ್ರೈವ್ ತುಂಬ ಬರೆದು, ವಾಪಸ್ ಓದಿ, ನಿಜವಾಗಿ ಎಷ್ಟು ಜಾಗ ಇದೆ ಎಂದು ಹೇಳುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ.

ಕಾಪಿ ಮಾಡಿ, ಕಟ್ ಮಾಡಬೇಡಿ. ಮುಗಿದ ಮೇಲೆ ಹಳೇ ಫೋಲ್ಡರ್, ಹೊಸ ಫೋಲ್ಡರ್ ಎರಡರ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಬೈಟ್‌ಗಳ ಲೆಕ್ಕ ಒಂದೇ ಇದೆಯಾ ನೋಡಿ. ನಡುನಡುವೆ ನಾಲ್ಕಾರು ಹಾಡನ್ನು ಕೊನೆಯವರೆಗೆ ಓಡಿಸಿ ಕೇಳಿ.

ಬಂದಂತೆ ಕಂಡು ಕೈಕೊಡುವವು

ಎಂಪಿ3 ಸಿಡಿಯನ್ನು ಹಾಗೇ ಕಾಪಿ ಮಾಡಬಹುದು. ಆದರೆ ಕ್ಯಾಸೆಟ್ ಅಂಗಡಿಯಲ್ಲಿ ಕೊಂಡ ಆಡಿಯೋ ಸಿಡಿ ಹಾಗಲ್ಲ. ವಿಂಡೋಸ್‌ನಲ್ಲಿ ತೆರೆದರೆ ‘ಸಿಡಿಎ’ ಎಂಬ ಬಾಲ ಇರುವ ಎಂಟ್ಹತ್ತು ಫೈಲು ಕಾಣುತ್ತವೆ. ಅವನ್ನು ಎಳೆದು ಹಾಕಿದರೆ ಕ್ಷಣದಲ್ಲಿ ಕಾಪಿ ಆಗುತ್ತವೆ. ಖುಷಿಪಡಬೇಡಿ, ಒಂದೊಂದೂ ಬರೀ 44 ಬೈಟ್. ಹಾಡು ಸಿಡಿಯ ಯಾವ ಜಾಗದಲ್ಲಿದೆ ಎಂಬ ವಿಳಾಸ ಮಾತ್ರ ಅದರಲ್ಲಿರುತ್ತದೆ. ಇಂಥ ಸಿಡಿಯನ್ನು ‘ರಿಪ್’ ಮಾಡಬೇಕು, ಅಂದರೆ ಸಾಫ್ಟ್‌ವೇರ್ ಬಳಸಿ ಹಾಡನ್ನು ಓದಿಸಿ ಫೈಲಾಗಿ ಬದಲಿಸಬೇಕು. ಎಕ್ಸಾಕ್ಟ್ ಆಡಿಯೋ ಕಾಪಿ, ಫೂಬಾರ್2000, ವಿಂಡೋಸ್ ಮೀಡಿಯಾ ಪ್ಲೇಯರ್, ಯಾವುದಾದರೂ ಸರಿ.

ಹಳೇ ಐಪಾಡ್ ಇದ್ದವರಿಗೆ ಇನ್ನೊಂದು ಗುಟ್ಟು. 2022ರಲ್ಲಿ ಆಪಲ್ ಐಪಾಡನ್ನೇ ನಿಲ್ಲಿಸಿತು. ಆದರೆ ನಿಮ್ಮ ಡ್ರಾಯರಿನಲ್ಲಿರುವ ಹಳೇ ಕ್ಲಾಸಿಕ್ ಅಥವಾ ನ್ಯಾನೋದಲ್ಲಿ ಹಾಡು ಹಾಗೇ ಇರುತ್ತವೆ. ಡಿಸ್ಕ್‌ನಂತೆ ತೆರೆದುಕೊಳ್ಳುವ ಐಪಾಡ್ ಆದರೆ, ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಆನ್ ಮಾಡಿ. ‘ಐಪಾಡ್ ಕಂಟ್ರೋಲ್’ ಎಂಬ ಫೋಲ್ಡರಿನೊಳಗೆ ‘ಮ್ಯೂಸಿಕ್’ ಇರುತ್ತದೆ. ಅಲ್ಲಿ ಎಫ್00, ಎಫ್01 ಎಂಬ ಫೋಲ್ಡರುಗಳು, ಅವುಗಳಲ್ಲಿ ನಾಲ್ಕಕ್ಷರದ ಅರ್ಥವಿಲ್ಲದ ಹೆಸರಿನ ಫೈಲುಗಳು. ಹೆದರಬೇಡಿ, ಎಲ್ಲವನ್ನೂ ತವರಿಗೆ ಕಾಪಿ ಮಾಡಿ. ಹಾಡಿನ ನಿಜವಾದ ಹೆಸರು ಫೈಲಿನ ಒಳಗಿರುತ್ತದೆ.

ಫೋನಿನ ವಾಟ್ಸ್ಆ್ಯಪ್ ಫೋಲ್ಡರನ್ನೂ ಒಮ್ಮೆ ಜಾಲಾಡಿ. ಅತ್ತೆ ಹಾಡಿ ಕಳಿಸಿದ ಸೋಬಾನೆ ಪದ ಅಲ್ಲೆಲ್ಲೋ ತಾರೀಖಿನ ಹೆಸರು ಹೊತ್ತು ಕೂತಿರುತ್ತದೆ. ಬೇರೆಲ್ಲೂ ಸಿಗದ್ದು ಇದೇ, ಅಲ್ವಾ?

ಇನ್ನು ಸ್ಟ್ರೀಮಿಂಗ್ ಆ್ಯಪ್‌ಗಳ ‘ಡೌನ್‌ಲೋಡ್’. ಅದಕ್ಕೆ ಬೀಗ ಹಾಕಿರುತ್ತಾರೆ. ಆ ಆ್ಯಪ್‌ನ ಹೊರಗೆ ಅದು ಹಾಡುವುದಿಲ್ಲ, ಚಂದಾ ನಿಂತರೆ ಒಳಗೂ ಹಾಡುವುದಿಲ್ಲ. ಅದನ್ನು ನಿಮ್ಮ ಲೈಬ್ರರಿಯ ಲೆಕ್ಕಕ್ಕೆ ಹಿಡಿಯಬೇಡಿ.

ಸಮಯ ಹೋಗುವುದು ಹೆಸರಿಗೇ

ಎಂಪಿ3 ಫೈಲಿಗೆ ಎರಡು ಹೆಸರು. ಹೊರಗೆ ಕಾಣುವ ಫೈಲಿನ ಹೆಸರು ಒಂದು. ಒಳಗೆ ಬರೆದಿಟ್ಟ ಚೀಟಿ ಇನ್ನೊಂದು. ಆ ಚೀಟಿಗೆ ಐಡಿ3 ಟ್ಯಾಗ್ ಎನ್ನುತ್ತಾರೆ. ಹಾಡು, ಗಾಯಕರು, ಆಲ್ಬಮ್, ವರ್ಷ, ಚಿತ್ರ ಎಲ್ಲ ಅದರಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ನಾವು ನೋಡುವುದು ಫೈಲಿನ ಹೆಸರನ್ನು. ಫೋನಿನ ಮ್ಯೂಸಿಕ್ ಆ್ಯಪ್ ನೋಡುವುದು ಚೀಟಿಯನ್ನು. ಚೀಟಿ ಖಾಲಿ ಇದ್ದರೆ ಎಲ್ಲವೂ ಆ ಅನ್‌ನೋನ್ ಮಹಾಶಯರ ಪಾಲಾಗುತ್ತದೆ.

1996ರ ಮೊದಲ ಐಡಿ3ಯಲ್ಲಿ ಹಾಡಿನ ಹೆಸರಿಗೆ ಇದ್ದದ್ದು 30 ಅಕ್ಷರದ ಜಾಗ, ಅದೂ ಇಂಗ್ಲಿಷ್ ಅಕ್ಷರಕ್ಕೆ. ಕನ್ನಡದ ಯೋಚನೆ ಯಾರಿಗೂ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಕೆಲವರು ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನೇ ಅಲ್ಲಿ ಅಂಟಿಸಿದರು. ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಮೀಸೆ ಬಂದಂತೆ ಕಾಣುತ್ತದೆ. ಫೈಲು ಕೆಟ್ಟಿಲ್ಲ. ಆಸ್ಕಿಯಲ್ಲಿರುವ (ಆ ಹಳೇ ಫಾಂಟ್‌ಗಳ ಪದ್ಧತಿ) ಕನ್ನಡವನ್ನು ಈಗಿನ ಸಾಧನಗಳಿಗೆ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇವೆ. ಆ ಗೋಜಲನ್ನು ಅದರಲ್ಲಿ ಹಾಕಿದರೆ ಕನ್ನಡ ವಾಪಸ್ ಬರುತ್ತದೆ.

ಟ್ಯಾಗ್ ಸರಿಮಾಡಲು ನಾನು ಬಳಸುವುದು ಎಂಪಿ3ಟ್ಯಾಗ್. ವಿಂಡೋಸ್‌ನಲ್ಲಿ ಉಚಿತ. ಆಲ್ಬಮ್ ಪೂರ್ತಿ ಸೆಲೆಕ್ಟ್ ಮಾಡಿ, ಎಡಗಡೆ ಆಲ್ಬಮ್ ಹೆಸರು ಒಮ್ಮೆ ಬರೆದು ಸೇವ್ ಮಾಡಿದರೆ ಹತ್ತು ಹಾಡಿಗೂ ಹತ್ತುತ್ತದೆ. ಫೈಲಿನ ಹೆಸರು ಚೆನ್ನಾಗಿದ್ದು ಚೀಟಿ ಮಾತ್ರ ಖಾಲಿ ಇದ್ದರೆ, ‘ಕನ್ವರ್ಟ್’ ಮೆನುವಿನಲ್ಲಿ ಫೈಲಿನ ಹೆಸರಿನಿಂದಲೇ ಟ್ಯಾಗ್ ತುಂಬಿಸಬಹುದು. ಐಪಾಡಿನಿಂದ ತಂದ ನಾಲ್ಕಕ್ಷರದ ಫೈಲುಗಳಿಗೆ ಇದರ ಉಲ್ಟಾ: ಟ್ಯಾಗ್‌ನಿಂದ ಫೈಲಿನ ಹೆಸರು. ಸೆಟ್ಟಿಂಗ್ಸ್‌ನಲ್ಲಿ ಐಡಿ3ವಿ2.3, ಯುಟಿಎಫ್-16 ಎಂದು ಆರಿಸಿಕೊಳ್ಳಿ. ಹಳೇ ಹೊಸ ಸಾಧನಗಳೆಲ್ಲ ಸಾಮಾನ್ಯವಾಗಿ ಇದನ್ನು ಓದುತ್ತವೆ.

ಹಾಡಿನ ದನಿ ಗುರುತಿಸಿ ತಾನೇ ಹೆಸರು ಹುಡುಕುವ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಕೂಡ ಇದೆ. ಇಂಗ್ಲಿಷ್ ಆಲ್ಬಮ್‌ಗಳಿಗೆ ಭರ್ಜರಿ. ನಮ್ಮ ಹಳೇ ಭಾವಗೀತೆ, ಹರಿಕಥೆಗಳ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ. ಅಲ್ಲಿ ನಿಮ್ಮ ಕಿವಿಯೇ ಗತಿ, ಇಲ್ಲವೇ ಅಮ್ಮನ ಕಿವಿ. ನಾನು ಹಾಡಿನ ಮೊದಲ ಹತ್ತು ಸೆಕೆಂಡ್ ಹಾಕುತ್ತಿದ್ದೆ. ಅಮ್ಮ ಸೊಪ್ಪು ಬಿಡಿಸುತ್ತಾ ಪದದ ಹೆಸರು, ಹಾಡಿದವರ ಹೆಸರು ಹೇಳುತ್ತಿದ್ದರು. ಎರಡು ಭಾನುವಾರ ಹಿಡಿಯಿತು.

ಒಂದು ಎಚ್ಚರಿಕೆ. ಫೈಲಿನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ ಇಡಬೇಡಿ. ಬೇರೆಡೆ ನಡೆದದ್ದೂ ವಿಂಡೋಸ್‌ಗೆ ಬಂದಾಗ ಎಡವುತ್ತದೆ.

ಬಣ್ಣ ಬದಲಿಸುವ ಮುನ್ನ

ಎಂಪಿ3 ಎಲ್ಲೆಡೆ ನಡೆಯುತ್ತದೆ, ಬೇರೆ ಫಾರ್ಮ್ಯಾಟ್‌ಗೆ ಬದಲಿಸಲು ಸುಮ್ನೆ ಮುಟ್ಟಬೇಡಿ. 128 ಅನ್ನು 320 ಮಾಡಿದರೆ ಫೈಲು ದಪ್ಪಗಾಗುತ್ತದೆ, ಹಾಡು ಚೆನ್ನಾಗುವುದಿಲ್ಲ. ಹೋದ ದನಿ ಹೋಯಿತು. ಮೈಕ್ರೋಸಾಫ್ಟ್‌ನ ಡಬ್ಲ್ಯೂಎಂಎ ಫಾರ್ಮ್ಯಾಟಿನ ಫೈಲುಗಳಿದ್ದರೆ ಎಷ್ಟೋ ಫೋನಿನ ಆ್ಯಪ್‌ಗಳು ತಿರಸ್ಕರಿಸುತ್ತವೆ. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಂಡರೆ ಹಾಗೇ ಕೇಳಬಹುದು. ಫ್ಲಾಕ್ (ದನಿ ಕಳೆಯದೆ ಕುಗ್ಗಿಸಿದ ಫೈಲು) ಇದ್ದರೆ ತವರಿನಲ್ಲಿ ಹಾಗೇ ಉಳಿಸಿ. ಐಫೋನಿನ ಮ್ಯೂಸಿಕ್ ಆ್ಯಪ್‌ಗೆ ಮಾತ್ರ ಅದರ ಪ್ರತಿಯನ್ನು ಅದೇ ಬಗೆಯ ಆಪಲ್ ಫಾರ್ಮ್ಯಾಟ್ ಆದ ಎಎಲ್‌ಎಸಿಗೆ ಬದಲಿಸಿ ಕಳಿಸಿ.

ಪ್ಲೇಲಿಸ್ಟ್ ಎಲ್ಲಿ ಹೋಯಿತು?

ಎಂ3ಯು ಎಂಬ ಪ್ಲೇಲಿಸ್ಟ್ ಫೈಲಿನಲ್ಲಿ ಹಾಡು ಇರುವುದಿಲ್ಲ. ಅದು ಒಂದು ಚೀಟಿ ಅಷ್ಟೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಡಿ ಡ್ರೈವ್, ಸಾಂಗ್ಸ್ ಫೋಲ್ಡರ್, ಇಂಥ ಫೈಲು ಎಂದು ಸಾಲು ಸಾಲು ವಿಳಾಸ ಕಾಣುತ್ತದೆ. ಫೋನಿನಲ್ಲಿ ಡಿ ಡ್ರೈವ್ ಎಲ್ಲಿಂದ ಬರಬೇಕು? ಹಾಗಾಗಿ ಪ್ಲೇಲಿಸ್ಟ್ ಖಾಲಿ. ಪ್ಲೇಲಿಸ್ಟನ್ನು ತವರು ಫೋಲ್ಡರಿನೊಳಗೇ ಇಟ್ಟು, ‘ರಿಪ್ಲೇಸ್’ ಬಳಸಿ ಡ್ರೈವ್‌ನಿಂದ ತವರಿನವರೆಗಿನ ಭಾಗವನ್ನು ಎಲ್ಲ ಸಾಲಿನಿಂದಲೂ ತೆಗೆಯಿರಿ. ಹಿಂದಕ್ಕೆ ವಾಲಿದ ಗೆರೆಗಳನ್ನು (\) ಮುಂದಕ್ಕೆ ವಾಲಿದ ಗೆರೆ (/) ಮಾಡಿ. ಕೊನೆಗೆ ಯುಟಿಎಫ್-8ನಲ್ಲಿ, ಎಂ3ಯು8 ಎಂಬ ಬಾಲದೊಂದಿಗೆ ಸೇವ್ ಮಾಡಿ. ಇಲ್ಲದಿದ್ದರೆ ಕನ್ನಡ ಹೆಸರಿನ ಹಾಡು ಸಿಗುವುದಿಲ್ಲ.

ಫೋನಿಗೆ

ಆಂಡ್ರಾಯ್ಡ್ ಸುಲಭ. ಕೇಬಲ್ ಹಾಕಿ, ಫೋನಿನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ, ‘ಮ್ಯೂಸಿಕ್’ ಫೋಲ್ಡರಿಗೆ ಎಳೆದು ಹಾಕಿ. ಈ ಎಂಟಿಪಿ ಎಂಬ ವಿಧಾನ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ, ಸಾವಿರಾರು ಫೈಲು ಕೊಟ್ಟರೆ ತಬ್ಬಿಬ್ಬಾಗುತ್ತದೆ. ಐನೂರು ಐನೂರರಂತೆ ಕೊಡಿ. ಕೇಬಲ್ ಇಲ್ಲದಿದ್ದರೆ ಮನೆಯ ವೈಫೈ ಮೇಲೆಯೇ ಲೋಕಲ್‌ಸೆಂಡ್ ಎಂಬ ಆ್ಯಪ್ ಬಳಸಬಹುದು. ಹೊಸ ಹಾಡು ತವರಿಗೆ ಸೇರಿದಾಗೆಲ್ಲ ತಾನಾಗಿ ಫೋನಿಗೂ ಹೋಗಬೇಕೆಂದರೆ ಸಿಂಕ್‌ಥಿಂಗ್ ಇದೆ (ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರಲ್ಲಿ ನಿಂತಿತು, ಫೋನಿನಲ್ಲಿ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಳ್ಳಬೇಕು). ಅದರಲ್ಲಿ ಕಂಪ್ಯೂಟರನ್ನು ‘ಸೆಂಡ್ ಓನ್ಲಿ’ ಮಾಡಿಡಿ. ಇಲ್ಲವೆಂದರೆ ಫೋನಿನಲ್ಲಿ ಅಳಿಸಿದ್ದು ತವರಿನಲ್ಲೂ ಅಳಿಯುತ್ತದೆ.

ಐಫೋನ್ ಸ್ವಲ್ಪ ಮಡಿ. ವಿಂಡೋಸ್‌ನಲ್ಲಿ ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್ ಆ್ಯಪ್ ಬೇಕು. ಮ್ಯಾಕ್‌ನಲ್ಲಾದರೆ 2019ರ ಕ್ಯಾಟಲಿನಾದಿಂದ ಈಚೆಗೆ ಫೈಂಡರ್ ಮೂಲಕ ನಡೆಯುತ್ತದೆ. ಐಫೋನ್ ಒಂದು ಸಲಕ್ಕೆ ಒಂದೇ ಕಂಪ್ಯೂಟರಿನ ಲೈಬ್ರರಿಯನ್ನು ಒಪ್ಪುತ್ತದೆ. ಹೊಸ ಲ್ಯಾಪ್‌ಟಾಪ್‌ಗೆ ಚುಚ್ಚಿದಾಗ ‘ಅಳಿಸಿ ಸಿಂಕ್ ಮಾಡಲೇ?’ ಎಂದು ಕೇಳುತ್ತದೆ. ಓದದೆ ಒತ್ತಬೇಡಿ, ಫೋನಿನಲ್ಲಿದ್ದ ಹಳೇ ಹಾಡು ಹೋಗುತ್ತವೆ. ಈ ರಗಳೆ ಬೇಡ ಎನ್ನುವವರು ಐಫೋನಿಗೂ ವಿಎಲ್‌ಸಿ ಹಾಕಿಕೊಳ್ಳಿ. ಅದರಲ್ಲಿ ವೈಫೈ ಹಂಚಿಕೆ ಆನ್ ಮಾಡಿದರೆ ಒಂದು ವಿಳಾಸ ಬರುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಅದನ್ನು ಟೈಪ್ ಮಾಡಿ, ಹಾಡು ಎಳೆದು ಬಿಡಿ. ಅವು ವಿಎಲ್‌ಸಿಯೊಳಗೆ ಮಾತ್ರ ಇರುತ್ತವೆ. ನನಗೆ ಅಷ್ಟು ಸಾಕು.

ಕಾರಿನ ಪೆನ್‌ಡ್ರೈವ್

ಕಾರಿಗೆ 32 ಜಿಬಿಯ ಪೆನ್‌ಡ್ರೈವೇ ಇರಲಿ, ಫ್ಯಾಟ್32 ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಫಾರ್ಮ್ಯಾಟ್ ಆದರೆ ಎಷ್ಟೋ ಸ್ಟೀರಿಯೋಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಕನ್ನಡ ಅಕ್ಷರ ಬಾರದ ಸ್ಟೀರಿಯೋ ಚೌಕ ಚೌಕ ತೋರಿಸುತ್ತದೆ. ಆದ್ದರಿಂದ ಈ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ.

ಉದ್ದದ ರೆಕಾರ್ಡಿಂಗ್ ಇನ್ನೊಂದು ತಲೆನೋವು. ಮೂರು ಗಂಟೆಯ ತಾಳಮದ್ದಲೆ ಒಂದೇ ಫೈಲಾಗಿದ್ದರೆ, ಪೆಟ್ರೋಲ್ ಬಂಕಿನಲ್ಲಿ ಎಂಜಿನ್ ಆಫ್ ಮಾಡಿದರೆ ಕೆಲವು ಸ್ಟೀರಿಯೋಗಳಲ್ಲಿ ಮತ್ತೆ ಗಣಪತಿ ಸ್ತುತಿಯಿಂದ ಶುರು. ನಾನು ಎಂಪಿ3ಡೈರೆಕ್ಟ್‌ಕಟ್‌ನಲ್ಲಿ ಆರು ತುಂಡು ಮಾಡಿದೆ. ಅದು ಮತ್ತೆ ಎನ್‌ಕೋಡ್ ಮಾಡದೆ ಕತ್ತರಿಸುವುದರಿಂದ ದನಿ ಕೆಡುವುದಿಲ್ಲ. 01ರಿಂದ 06ರವರೆಗೆ ಹೆಸರಿಟ್ಟು, ಪೆನ್‌ಡ್ರೈವಿಗೆ ಹಾಕಿ ಊರಿಗೆ ಹೊರಟೆವು. ಕಾರಿನಲ್ಲಿ ವಾಲಿ ಮೊದಲು ಪ್ರಾಣ ಬಿಟ್ಟ, ಆಮೇಲೆ ರಾಮನ ಜೊತೆ ವಾದಕ್ಕೆ ಕೂತ.

ಕಾರಣ ಇಷ್ಟೆ. ಸರಳ ಸ್ಟೀರಿಯೋಗಳು ಹೆಸರಿನ ಕ್ರಮ ನೋಡುವುದಿಲ್ಲ, ಪೆನ್‌ಡ್ರೈವಿಗೆ ಯಾವ ಫೈಲು ಮೊದಲು ಬಂತು ಎಂಬುದನ್ನು ನೋಡುತ್ತವೆ. ನಾನು 06 ಅನ್ನು ಮೊದಲು ಕತ್ತರಿಸಿ ಮೊದಲೇ ಹಾಕಿದ್ದೆ. ಪೆನ್‌ಡ್ರೈವ್ ಖಾಲಿ ಮಾಡಿ, ಒಂದೊಂದೇ ಫೈಲನ್ನು ಕ್ರಮವಾಗಿ ಹಾಕಿದರೆ ಸರಿಹೋಗುತ್ತದೆ. ನೂರಾರು ಫೈಲು ಇದ್ದರೆ ಫ್ಯಾಟ್‌ಸಾರ್ಟ್ ಅಥವಾ ಡ್ರೈವ್‌ಸಾರ್ಟ್ ಎಂಬ ಸಣ್ಣ ಟೂಲ್ ಓಡಿಸಿ, ಅದು ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿ ಬರೆಯುತ್ತದೆ. ಹಾಗೆಯೇ, ತುಂಡು ಮಾಡಿದ್ದು ಕಾರಿಗೆ ಮಾತ್ರ. ಮೂರು ಗಂಟೆಯ ಇಡೀ ಫೈಲು ತವರಿನಲ್ಲೇ ಇರಲಿ.