ಬಿರುಗಾಳಿಯ ಅಕ್ಟೋಬರಿನಲ್ಲಿ ಮನೆ ಬೆಚ್ಚಗಿಡುವುದು: ಇಂಗ್ಲೆಂಡಿನಿಂದ ನನ್ನ ಅನುಭವ

ಉತ್ತರ ಇಂಗ್ಲೆಂಡಿನಲ್ಲಿ ಅಕ್ಟೋಬರ್, ನವೆಂಬರ್ ತಿಂಗಳ ಚಳಿ ಥರ್ಮಾಮೀಟರಿನಲ್ಲಿ ನೋಡಿದರೆ ಅಷ್ಟೇನೂ ಅನಿಸುವುದಿಲ್ಲ. ಹೊರಗೆ ಎಂಟೋ ಹತ್ತೋ ಡಿಗ್ರಿ ಇರುತ್ತದೆ. ಮೈ ಕೊರೆಯುವುದು ಗಾಳಿ ಮತ್ತು ತೇವ. ಅಟ್ಲಾಂಟಿಕ್ ಕಡೆಯಿಂದ ಒಂದರ ಬೆನ್ನಿಗೊಂದು ಬಿರುಗಾಳಿ ಬರುವ ಕಾಲ ಇದು. ನೂರು ವರ್ಷ ದಾಟಿದ ಇಟ್ಟಿಗೆಯ ಸಾಲುಮನೆಗಳಲ್ಲಿ ಹೀಟಿಂಗ್ ಎಷ್ಟು ಉರಿಸಿದರೂ ಕಾಲು ತಣ್ಣಗೇ ಇರುತ್ತದೆ ಎಂದು ದೂರುವವರು ಬಹಳ ಜನ. ಅಂಥ ಮನೆಯಲ್ಲಿ ನಾನು ಪ್ರತಿ ವರ್ಷ ಅನುಸರಿಸುವ ಕ್ರಮ ಹೀಗಿದೆ: ಮೊದಲು ಗಾಳಿ ತಡೆಯುವುದು, ಆಮೇಲೆ ತೇವ ಹೊರಹಾಕುವುದು, ಕೊನೆಗೆ ಹೀಟಿಂಗ್. ಈ ಕ್ರಮ ತಿರುವುಮುರುವಾದರೆ ಬಿಸಿ ಮಾಡಿದ ಗಾಳಿಯೆಲ್ಲ ಬಾಗಿಲ ಸಂದಿಯಲ್ಲಿ ಹೋಗುತ್ತದೆ, ಬಿಲ್ ಮಾತ್ರ ಮನೆಗೆ ಬರುತ್ತದೆ.

ಗಾಳಿ ಎಲ್ಲಿ ನುಗ್ಗುತ್ತಿದೆ ಎಂದು ಹುಡುಕಲು ಊದುಬತ್ತಿಗಿಂತ ಒಳ್ಳೆಯ ಉಪಕರಣ ಇಲ್ಲ. ಜೋರು ಗಾಳಿಯ ದಿನವೇ ಹುಡುಕಬೇಕು, ಶಾಂತ ದಿನ ಏನೂ ಗೊತ್ತಾಗುವುದಿಲ್ಲ. ಫ್ಯಾನುಗಳನ್ನೂ ಹೀಟಿಂಗನ್ನೂ ಆರಿಸಿ, ಬತ್ತಿಯನ್ನು ಬಾಗಿಲು ಚೌಕಟ್ಟಿನ ಅಂಚಿನಲ್ಲಿ ಒಂದು ಗೇಣು ದೂರ ಹಿಡಿದು ನಿಧಾನವಾಗಿ ಸರಿಸಿ. ಹೊಗೆ ನೇರ ಮೇಲೇಳುತ್ತಿದ್ದರೆ ಅಲ್ಲಿ ತೊಂದರೆ ಇಲ್ಲ. ಒಳಮುಖವಾಗಿ ಬಾಗಿ ಚದುರಿದರೆ ಅಲ್ಲೇ ಸಂದಿ. ಪರದೆಯ ಬಟ್ಟೆಯಿಂದ ಬತ್ತಿ ದೂರವಿರಲಿ. ಹೆಚ್ಚಿನವರು ಕಿಟಕಿ ಮಾತ್ರ ನೋಡಿ ಬಿಡುತ್ತಾರೆ. ಮುಂಬಾಗಿಲಿನ ಅಂಚೆಕಿಂಡಿ, ಬೀಗದ ತೂತು, ಅಟ್ಟಕ್ಕೆ ಹತ್ತುವ ಮುಚ್ಚಳ, ಅಡುಗೆಮನೆ ಸಿಂಕಿನ ಕೆಳಗೆ ಪೈಪು ಗೋಡೆ ದಾಟುವ ಜಾಗ, ನೆಲದ ಹಲಗೆ ಮತ್ತು ಗೋಡೆ ಸೇರುವ ಅಂಚು ಇವನ್ನು ಬಿಡಬಾರದು. ಎಲ್ಲಕ್ಕಿಂತ ಹೆಚ್ಚು ಗಾಳಿ ಬಿಡುವುದು ಬಳಸದ ಹಳೆಯ ಅಗ್ಗಿಷ್ಟಿಕೆಯ ಚಿಮಣಿ.

ಬಾಗಿಲಿಗೆ ಅಂಟಿಸುವ ಪಟ್ಟಿ ಕೊಳ್ಳುವ ಮುಂಚೆ ಸಂದಿ ಎಷ್ಟು ಅಗಲ ಎಂದು ಅಳೆಯಲೇಬೇಕು. ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೌಕಟ್ಟಿನ ಮೇಲಿಟ್ಟು ಬಾಗಿಲು ಮುಚ್ಚಿ, ಚಿಲಕ ಪೂರ್ತಿ ಬೀಳಲಿ. ತೆಗೆದಾಗ ಉಂಡೆ ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅದೇ ಸಂದಿಯ ಅಳತೆ. ಇದನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಮಾಡಿ, ಏಕೆಂದರೆ ಹಳೆಯ ಬಾಗಿಲು ಒಂದೇ ಸಮ ಇರುವುದಿಲ್ಲ. ಎರಡು ಮೂರು ಮಿ.ಮೀ. ಇದ್ದರೆ ಇಂಗ್ಲಿಷಿನ ‘E’ ಆಕಾರದ ರಬ್ಬರ್ ಪಟ್ಟಿ, ಮೂರರಿಂದ ಐದು ಇದ್ದರೆ ‘P’ ಆಕಾರದ್ದು. ಅಗ್ಗದ ಸ್ಪಂಜಿನ ಪಟ್ಟಿ ಒಂದೆರಡು ಚಳಿಗಾಲದಲ್ಲಿ ಚಪ್ಪಟೆಯಾಗಿ ಕುಳಿತುಬಿಡುತ್ತದೆ; ದಿನಕ್ಕೆ ಹತ್ತು ಸಲ ತೆಗೆಯುವ ಬಾಗಿಲಿಗೆ ಅದು ದಂಡ. ಚೌಕಟ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ತೇವದ ಮೇಲೆ ಅಂಟಿಸಿದ್ದು ವಾರದೊಳಗೆ ಜೋತುಬೀಳುತ್ತದೆ. ಬೇಕಾದ್ದಕ್ಕಿಂತ ದಪ್ಪ ಪಟ್ಟಿ ಹಾಕಿದರೆ ಚಿಲಕ ಬೀಳುವುದಿಲ್ಲ, ಆಗ ಬಾಗಿಲನ್ನು ಒದ್ದು ಮುಚ್ಚುವ ಪರಿಸ್ಥಿತಿ ಬಂದು ಕೀಲು ಸಡಿಲವಾಗುತ್ತದೆ. ಬಾಗಿಲ ತಳಕ್ಕೆ ಬ್ರಷ್ ಪಟ್ಟಿ ಒಳ್ಳೆಯದು. ಅದರ ಎಳೆಗಳು ನೆಲಕ್ಕೆ ಸೋಕಿದರೆ ಸಾಕು. ಒತ್ತಿ ಕೂರುವಂತೆ ತಿರುಪು ಹಾಕಿದರೆ ಎಳೆಗಳು ಒಂದೇ ಕಡೆ ಮಡಚಿಕೊಂಡು ಸಂದಿ ಮತ್ತೆ ಬಾಯಿಬಿಡುತ್ತದೆ.

ಬಾಡಿಗೆ ಮನೆಯಲ್ಲಿರುವವರು ಒಂಟಿ ಗಾಜಿನ ಕಿಟಕಿಗೆ ಪಾರದರ್ಶಕ ಫಿಲ್ಮ್ ಹಾಕಿಕೊಳ್ಳಬಹುದು. ಮರದ ಚೌಕಟ್ಟಿನ ಸುತ್ತ ಎರಡೂ ಬದಿ ಅಂಟಿರುವ ಟೇಪು ಹಚ್ಚಿ, ಫಿಲ್ಮನ್ನು ಮೇಲಿನಿಂದ ಕೆಳಗೆ ಎಳೆದು ಅಂಟಿಸಿ, ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಮೂಲೆಯಿಂದ ನಡುವಿಗೆ ಹಾಯಿಸಿದರೆ ಸುಕ್ಕು ಹೋಗಿ ಗಾಜಿನಂತೆ ಬಿಗಿಯುತ್ತದೆ. ಮಳೆ ಇಲ್ಲದ ಒಣ ದಿನ ನೋಡಿ ಹಾಕಿ, ಇಲ್ಲವಾದರೆ ನಡುವೆ ಸಿಕ್ಕಿದ ತೇವ ಗಾಜಿನ ಮೇಲೆ ಹನಿಗಟ್ಟಿ ಏಪ್ರಿಲ್‌ವರೆಗೂ ಕಾಣುತ್ತದೆ. ಬೆಂಕಿ ಬಿದ್ದರೆ ಹೊರಹೋಗಲು ಬೇಕಾಗುವ ಕಿಟಕಿಗೆ ಮಾತ್ರ ಇದನ್ನು ಹಾಕಬೇಡಿ.

ಮುಚ್ಚಬಾರದ ಜಾಗಗಳೂ ಇವೆ, ಇದನ್ನು ಒತ್ತಿ ಹೇಳುತ್ತೇನೆ. ಹೊರಗೋಡೆಯ ಬುಡದಲ್ಲಿ ತೂತುಗಳಿರುವ ಇಟ್ಟಿಗೆ ಮರದ ನೆಲದ ಅಡಿಗೆ ಗಾಳಿ ಆಡಲು ಇರುವುದು. ಅದನ್ನು ಮುಚ್ಚಿದರೆ ತೊಲೆಗಳು ಕೊಳೆಯುತ್ತವೆ. ಕಿಟಕಿಯ ಮೇಲಂಚಿನ ಸಣ್ಣ ಗಾಳಿಕಿಂಡಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್, ಗ್ಯಾಸ್ ಉರಿಯುವ ಕೋಣೆಯ ಗಾಳಿದಾರಿ ಇವಕ್ಕೂ ಕೈ ಹಾಕಬಾರದು. ಅಗ್ಗಿಷ್ಟಿಕೆಯನ್ನು ನಿಜಕ್ಕೂ ಬಳಸದಿದ್ದರೆ ಮಾತ್ರ ಚಿಮಣಿಗೆ ಕುರಿಯುಣ್ಣೆಯ ತಡೆ ತುರುಕಿ, ಅದರ ಹಿಡಿ ಕೆಳಗಿನಿಂದ ಕಾಣುವಂತೆ ಬಿಡಿ. ಮುಂದೆ ಯಾರೋ ತಿಳಿಯದೆ ಬೆಂಕಿ ಹಚ್ಚಬಾರದು.

ಇನ್ನು ತೇವ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೆಳೆದವರಿಗೆ ಮಳೆ ಬಂದರೆ ಕಿಟಕಿ ಮುಚ್ಚುವುದು ರೂಢಿ. ಅಲ್ಲಿ ಅದು ಸರಿಯೇ: ಆಷಾಢದಲ್ಲಿ ಒಳಗೂ ಹೊರಗೂ ಹೆಚ್ಚು ಕಡಿಮೆ ಒಂದೇ ಬಿಸಿ, ಗಾಳಿಯಲ್ಲಿ ಒಂದೇ ತೇವ, ಕಿಟಕಿ ತೆರೆದರೂ ಬಟ್ಟೆ ಒಣಗುವುದಿಲ್ಲ. ಅದಕ್ಕೇ ಅಲ್ಲಿ ಬಚ್ಚಲೊಲೆಯ ಮೇಲೆ ಬಟ್ಟೆ ಹರವುವುದು. ಇಂಗ್ಲೆಂಡಿನ ಲೆಕ್ಕ ಬೇರೆ. ಎಂಟು ಡಿಗ್ರಿಯ ಗಾಳಿ ಮಳೆಯಲ್ಲಿ ನೆನೆದು ನೂರಕ್ಕೆ ತೊಂಬತ್ತೈದು ಆರ್ದ್ರತೆ ತೋರಿಸಿದರೂ, ಒಳಗೆ ಬಂದು ಹತ್ತೊಂಬತ್ತು ಡಿಗ್ರಿಗೆ ಬೆಚ್ಚಗಾದಾಗ ಅದರ ಆರ್ದ್ರತೆ ಐವತ್ತಕ್ಕಿಂತ ಕೆಳಗಿಳಿಯುತ್ತದೆ. ತಣ್ಣನೆಯ ಗಾಳಿ ಹಿಡಿದಿಡಬಲ್ಲ ನೀರೇ ಕಡಿಮೆ. ಹಾಗಾಗಿ ಮಳೆ ಸುರಿಯುತ್ತಿರುವಾಗಲೂ ಮಳೆ ಒಳಗೆ ಎರಚದ ಎದುರುಬದುರು ಕಿಟಕಿಗಳನ್ನು ಐದು ಹತ್ತು ನಿಮಿಷ ಪೂರ್ತಿ ತೆರೆದರೆ ಮನೆ ಒಣಗುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿ ಮಾತ್ರ ಬದಲಾಗುತ್ತದೆ, ಗೋಡೆಗಳ ಬಿಸಿ ಉಳಿಯುತ್ತದೆ. ಇಡೀ ದಿನ ಒಂದು ಬೆರಳು ಸಂದಿ ಬಿಡುವುದಕ್ಕಿಂತ ಇದು ಮೇಲು.

ನಮ್ಮ ಅಡುಗೆ ಬಿಡುವ ಹಬೆ ಕಡಿಮೆಯಲ್ಲ. ಕುಕ್ಕರ್ ಸೀಟಿ, ಇಡ್ಲಿ ಪಾತ್ರೆ, ಕುದಿಯುವ ಸಾರು. ನವರಾತ್ರಿ, ದೀಪಾವಳಿ ಬೀಳುವುದೂ ಇದೇ ಬಿರುಗಾಳಿಯ ತಿಂಗಳುಗಳಲ್ಲಿ, ಮನೆ ತುಂಬ ಜನ. ಅಡುಗೆಮನೆಯ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಒಲೆ ಆರಿಸಿದ ಮೇಲೂ ಕಾಲು ಗಂಟೆ ಓಡಲು ಬಿಡಿ. ಒಂದು ಸಲ ಮಷೀನಿಗೆ ಹಾಕಿದ ಬಟ್ಟೆ ಒಣಗುವಾಗ ಸುಮಾರು ಎರಡು ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಬಟ್ಟೆ ಹರವಿದರೆ ಎರಡು ಕೇಡು: ಬಿಸಿ ಕೋಣೆಗೆ ಬರುವುದಿಲ್ಲ, ಆ ನೀರು ಹೋಗಿ ತಣ್ಣನೆಯ ಮೂಲೆಗೋಡೆಯ ಮೇಲೆ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಸಣ್ಣ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಹರವಿ, ಬಾಗಿಲು ಮುಚ್ಚಿ, ಗಾಳಿಯ ತೇವ ಎಳೆಯುವ ಯಂತ್ರ (ಡಿಹ್ಯೂಮಿಡಿಫೈಯರ್) ಹಾಕುವುದು ನನಗೆ ಒಗ್ಗಿದ ದಾರಿ. ಹೀಟಿಂಗ್ ಇಲ್ಲದ ತಣ್ಣನೆಯ ಕೋಣೆಯಾದರೆ ತೇವ ಹೀರುವ ವಸ್ತುವಿನಿಂದ ಕೆಲಸ ಮಾಡುವ ಡೆಸಿಕೆಂಟ್ ಬಗೆಯದು ತೆಗೆದುಕೊಳ್ಳಿ; ಕಂಪ್ರೆಸರ್ ಇರುವುದು ಹದಿನೈದು ಡಿಗ್ರಿಗಿಂತ ಕೆಳಗೆ ಸರಿಯಾಗಿ ನೀರು ಎಳೆಯುವುದಿಲ್ಲ. ಆರ್ದ್ರತೆ ತೋರಿಸುವ ಸಣ್ಣ ಮೀಟರ್ ನಡುಮನೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು ಇಟ್ಟು, 40ರಿಂದ 60ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಬೀರು, ಮಂಚದ ತಲೆಬದಿ ಹೊರಗೋಡೆಗೆ ಅಂಟದೆ ನಾಲ್ಕು ಬೆರಳು ದೂರವಿರಲಿ.

ಇಷ್ಟಾದ ಮೇಲೆ ಹೀಟಿಂಗ್. ಸೆಪ್ಟೆಂಬರ್ ಕೊನೆಯಲ್ಲೇ ಒಮ್ಮೆ ಹಾಕಿ ಪ್ರತಿ ರೇಡಿಯೇಟರನ್ನೂ ಮುಟ್ಟಿ ನೋಡಿ. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಮೇಲೆ ಬಿಸಿ, ಕೆಳಗೆ ನಡುವೆ ತಣ್ಣಗಿದ್ದರೆ ತುಕ್ಕಿನ ಕೆಸರು ಕೂತಿದೆ, ಅದನ್ನು ತೊಳೆಸಬೇಕು. ಗಾಳಿ ಬಿಡುವುದನ್ನು ನಾವೇ ಮಾಡಬಹುದು. ಹೀಟಿಂಗ್ ಆರಿಸಿ, ರೇಡಿಯೇಟರ್ ತಣ್ಣಗಾಗುವವರೆಗೆ ಕಾಯಿರಿ. ಪಂಪು ಓಡುತ್ತಿರುವಾಗ ಬಿಚ್ಚಿದರೆ ಇನ್ನಷ್ಟು ಗಾಳಿ ಒಳಗೆ ಎಳೆಯಬಹುದು, ಬಿಸಿನೀರು ಕೈಗೆ ಚಿಮ್ಮಲೂಬಹುದು. ಮೇಲಿನ ಮೂಲೆಯ ಚೌಕ ಮೊಳೆಗೆ ಕೀಲಿ ತೊಡಿಸಿ, ಕೆಳಗೆ ಹಳೆಯ ಬಟ್ಟೆ ಹಿಡಿದು, ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ಮಾತ್ರ ತಿರುಗಿಸಿ. ಮೊದಲು ಬುಸ್ಸೆಂದು ಗಾಳಿ, ಆಮೇಲೆ ತೊದಲುತ್ತ ಹನಿ, ಕೊನೆಗೆ ಒಂದೇ ಸಮ ಕಪ್ಪುನೀರು ಬರುತ್ತದೆ. ತಕ್ಷಣ ಮುಚ್ಚಿ. ಆ ನೀರು ಕಾರ್ಪೆಟ್ಟಿಗೆ ಬಿದ್ದರೆ ಕಲೆ ಹೋಗುವುದಿಲ್ಲ. ಕೆಳಗಿನ ಮಹಡಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮುಗಿದ ಮೇಲೆ ಬಾಯ್ಲರಿನ ಒತ್ತಡ ನೋಡಿ: ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಇಳಿದಿದ್ದರೆ ಕೆಳಗಿನ ನೀರು ತುಂಬುವ ಕೊಳವೆಯ ತಿರುಪನ್ನು ನಿಧಾನವಾಗಿ ತೆರೆದು ಏರಿಸಿ, ಮತ್ತೆ ಬಿಗಿಯಾಗಿ ಮುಚ್ಚಿ. ವಾರ ವಾರ ಒತ್ತಡ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಬಾಯ್ಲರಿನ ಮುಚ್ಚಳ ನೀವು ಬಿಚ್ಚದೆ, ಗ್ಯಾಸ್ ಸೇಫ್ (ಗ್ಯಾಸ್ ಕೆಲಸದವರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಸಿ.

ಬಾಯ್ಲರಿನಿಂದ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು ಎಷ್ಟೋ ಮನೆಗಳಲ್ಲಿ 75–80 ಡಿಗ್ರಿಗೆ ಇಟ್ಟುಬಿಟ್ಟಿರುತ್ತಾರೆ. ಹೊಗೆಯಲ್ಲಿನ ಹಬೆಯ ಬಿಸಿಯನ್ನೂ ಹಿಡಿಯುವ ಕಂಡೆನ್ಸಿಂಗ್ ಬಾಯ್ಲರ್ ತನ್ನ ಪೂರ್ತಿ ಲಾಭ ಕೊಡಬೇಕಾದರೆ ವಾಪಸು ಬರುವ ನೀರು 55 ಡಿಗ್ರಿಗಿಂತ ಕೆಳಗಿರಬೇಕು. ಆದ್ದರಿಂದ ಶರತ್ಕಾಲದಲ್ಲಿ ನಾನು 55–60ಕ್ಕೆ ಇಳಿಸುತ್ತೇನೆ. ರೇಡಿಯೇಟರ್ ಕೈ ಸುಡುವಷ್ಟು ಬಿಸಿಯಾಗುವುದಿಲ್ಲ, ಕೋಣೆ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಟೈಮರನ್ನು ಮುಕ್ಕಾಲು ಗಂಟೆ ಮುಂಚೆ ಶುರುಮಾಡಿದರೆ ಸಾಕು. ಬಿಸಿನೀರು ಕೂಡಿಡುವ ಸಿಲಿಂಡರ್ ಇರುವ ಮನೆಯಾದರೆ ಎಚ್ಚರಿಕೆ: ಸಿಲಿಂಡರಿನಲ್ಲಿ ನೀರು 60 ಡಿಗ್ರಿಗಿಂತ ಕೆಳಗಿಳಿಯಬಾರದು, ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸಿಲಿಂಡರ್ ಇಲ್ಲದೆ ನಲ್ಲಿನೀರನ್ನೂ ತಾನೇ ಕಾಯಿಸುವ ಕೋಂಬಿ ಬಾಯ್ಲರಿನಲ್ಲಿ ನಲ್ಲಿನೀರಿನ ಬಿಸಿಗೆ ಬೇರೆಯೇ ಗುಂಡಿ ಇರುವುದರಿಂದ ಈ ತೊಡಕಿಲ್ಲ. ಮನೆಯ ಬಿಸಿ ನೋಡಿ ಹೀಟಿಂಗ್ ಹಾಕಿ ಆರಿಸುವ ಥರ್ಮೋಸ್ಟಾಟ್ ಮುಂಬಾಗಿಲ ಬಳಿ ಇದ್ದರೆ ಬಾಗಿಲ ಗಾಳಿಗೆ ಮೋಸಹೋಗಿ ಮನೆಯೆಲ್ಲ ಕಾಯುವವರೆಗೆ ಉರಿಸುತ್ತದೆ, ಬಾಗಿಲ ಸಂದಿ ಮೊದಲು ಮುಚ್ಚಿ ಎನ್ನಲು ಇದೂ ಒಂದು ಕಾರಣ. ಸಾಮಾನ್ಯವಾಗಿ 18–19 ಡಿಗ್ರಿ ಸಾಕು. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ 20–21. ಹಸುಗೂಸು ಮಲಗುವ ಕೋಣೆ ಮಾತ್ರ 16–20ರೊಳಗೆ ಇರಲಿ. ಹಿರಿಯರು ಬರಿಗಾಲಲ್ಲಿ ಓಡಾಡುವುದನ್ನು, ಬೆಳಗಾಗೆದ್ದು ತಲೆಗೆ ಸ್ನಾನ ಮಾಡುವುದನ್ನು ಬಿಡುವುದಿಲ್ಲ. ದೇವರ ಮುಂದೆ ದಪ್ಪನೆಯ ಉಣ್ಣೆಯ ಚಾಪೆ, ಬಚ್ಚಲ ಬಾಗಿಲಲ್ಲೇ ಒಣ ಟವೆಲ್ ಮತ್ತು ಕಾಲುಚೀಲ ಇಟ್ಟರೆ ಅವರಿಗೆ ಹೀಟಿಂಗಿಗಿಂತ ಹೆಚ್ಚು ಅನುಕೂಲ.

ಒಬ್ಬರೇ ಕೂತು ಕೆಲಸ ಮಾಡುವಾಗ ಮನೆಯನ್ನೆಲ್ಲ ಬಿಸಿ ಮಾಡಬೇಕಿಲ್ಲ. ಫ್ಯಾನ್ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತದೆ. ಮೈಮೇಲೆ ಹೊದೆಯುವ ವಿದ್ಯುತ್ ಕಂಬಳಿ ಹತ್ತು ಗಂಟೆಯಲ್ಲಿ ಸುಮಾರು 1 ಯೂನಿಟ್. ಬಿಸಿನೀರಿನ ರಬ್ಬರ್ ಚೀಲಕ್ಕೆ ಕುದಿಯುವ ನೀರು ಬೇಡ, ಕೆಟಲ್ ಆರಿ ಐದು ನಿಮಿಷವಾದ ನೀರನ್ನು ಮೂರರಲ್ಲಿ ಎರಡು ಪಾಲು ತುಂಬಿ, ಒತ್ತಿ ಗಾಳಿ ಹೊರಹಾಕಿ ಮುಚ್ಚಿ. ಚೀಲದ ಕತ್ತಿನ ಬಳಿ ಹೂವಿನಾಕಾರದ ಗುರುತು ಇರುತ್ತದೆ, ಅದರ ನಡುವಿನ ಅಂಕಿ ತಯಾರಾದ ವರ್ಷ. ಎರಡು ಮೂರು ವರ್ಷ ದಾಟಿದ್ದರೆ ಎಸೆಯಿರಿ. ರಬ್ಬರ್ ಬಿರಿದು ಹಾಸಿಗೆಯಲ್ಲೇ ಸುಟ್ಟುಕೊಂಡವರಿದ್ದಾರೆ.

ಹಿಟ್ಟು ಹುದುಗುವುದಿಲ್ಲ ಎನ್ನುವುದು ಇಲ್ಲಿನ ಪ್ರತಿ ಕನ್ನಡದ ಮನೆಯ ದೂರು. ರುಬ್ಬಿದ ಹಿಟ್ಟನ್ನು ಆರಿಸಿದ ಓವನ್ನಿನಲ್ಲಿಟ್ಟು, ಪಕ್ಕದಲ್ಲಿ ಕುದಿನೀರು ತುಂಬಿದ ಮುಚ್ಚಿದ ಪಾತ್ರೆ ಇಡಿ, ಮಲಗುವ ಮುಂಚೆ ಒಮ್ಮೆ ನೀರು ಬದಲಾಯಿಸಿ. ಹಳೆಯ ಬಗೆಯ ಓವನ್ ಬಲ್ಬ್ ಇದ್ದರೆ ಅದರ ಬಿಸಿಯೇ ಸಾಕು, ಎಲ್‌ಇಡಿಯಿಂದ ಆಗುವುದಿಲ್ಲ. ಓವನ್ನಿನ ಗುಂಡಿಗೆ ಚೀಟಿ ಅಂಟಿಸಿ, ಬೇರೆಯವರು ಹಚ್ಚಿಬಿಟ್ಟಾರು.

ಬಿರುಗಾಳಿಯ ಮುನ್ಸೂಚನೆಗೆ ಬರೋಣ. 2015ರಿಂದ ಬ್ರಿಟನ್ನಿನ ಮತ್ತು ಐರ್ಲೆಂಡಿನ ಹವಾಮಾನ ಇಲಾಖೆಗಳು ಸೇರಿ ಬಿರುಗಾಳಿಗಳಿಗೆ ಹೆಸರಿಡುತ್ತಿವೆ, 2019ರಲ್ಲಿ ನೆದರ್ಲೆಂಡ್ಸ್ ಕೂಡ ಸೇರಿತು. ಹೆಸರಿಗಿಂತ ಎಚ್ಚರಿಕೆಯ ಬಣ್ಣ (ಹಳದಿ, ಅಂಬರ್, ಕೆಂಪು) ಮತ್ತು ಗಾಳಿಯ ದಿಕ್ಕು ಮುಖ್ಯ. ಇಲ್ಲಿನ ಗಾಳಿ ಹೆಚ್ಚಾಗಿ ನೈಋತ್ಯದ್ದು, ಮರಗಳ ಬೇರೂ ಅದಕ್ಕೇ ಒಗ್ಗಿರುತ್ತದೆ. 2021ರ ನವೆಂಬರ್ 26ರಂದು ಆರ್ವೆನ್ ಎಂಬ ಬಿರುಗಾಳಿ ಉತ್ತರದ ಕಡೆಯಿಂದ ಬಡಿಯಿತು. ಮರಗಳು ತಂತಿಗಳ ಮೇಲೆ ಉರುಳಿ ಸುಮಾರು ಹತ್ತು ಲಕ್ಷ ಮನೆಗಳಿಗೆ ಕರೆಂಟ್ ಹೋಯಿತು, ಕೆಲವೆಡೆ ವಾರ ದಾಟಿದರೂ ಬರಲಿಲ್ಲ. ಕರೆಂಟ್ ಇಲ್ಲದಿದ್ದರೆ ಗ್ಯಾಸ್ ಬಾಯ್ಲರ್ ಕೂಡ ನಿಲ್ಲುತ್ತದೆ, ಪಂಪಿಗೂ ಕಂಟ್ರೋಲಿಗೂ ವಿದ್ಯುತ್ ಬೇಕು. ಅಂತರ್ಜಾಲದ ಮೂಲಕ ಬರುವ ಲ್ಯಾಂಡ್‌ಲೈನ್ ಫೋನೂ ಸತ್ತಂತೆಯೇ. ಹಾಗಾಗಿ ಗಾಳಿ ಜೋರಾಗುವ ಮುಂಚೆ ಮನೆಯನ್ನು ಒಂದೆರಡು ಡಿಗ್ರಿ ಹೆಚ್ಚಿಗೆ ಕಾಯಿಸಿ, ಕತ್ತಲಾಗುತ್ತಲೇ ಪರದೆ ಎಳೆದು, ಫೋನು, ಪವರ್‌ಬ್ಯಾಂಕ್ ಚಾರ್ಜ್ ಮಾಡಿ, ಫ್ಲಾಸ್ಕುಗಳಲ್ಲಿ ಬಿಸಿನೀರು ಮತ್ತು ಸಾರು ತುಂಬಿಡುತ್ತೇನೆ. ಕರೆಂಟ್ ಹೋದರೆ 105ಕ್ಕೆ ಕರೆ ಮಾಡಿ. ಹಿರಿಯರು, ಮಕ್ಕಳು ಇದ್ದರೆ ವಿದ್ಯುತ್ ಕಂಪನಿಯ ಆದ್ಯತೆಯ ಪಟ್ಟಿಗೆ ಮೊದಲೇ ಹೆಸರು ಕೊಟ್ಟಿರಬೇಕು. ಎಲ್ಲರೂ ಒಂದೇ ಕೋಣೆಯಲ್ಲಿ, ಸಾಧ್ಯವಾದರೆ ಗಾಳಿ ಬೀಸದ ಬದಿಯ ಕೋಣೆಯಲ್ಲಿ ಇರಿ. ಫ್ರಿಜ್ ತೆರೆಯದಿದ್ದರೆ ನಾಲ್ಕು ಗಂಟೆ, ತುಂಬಿದ ಫ್ರೀಜರ್ ಎರಡು ದಿನ ತಾಳುತ್ತದೆ.

ಚಳಿಯೆಂದು ಕ್ಯಾಂಪಿಂಗ್ ಸ್ಟೋವ್, ಬಾರ್ಬೆಕ್ಯೂ ಕೆಂಡ ಒಳಗೆ ತರಬೇಡಿ, ಅಡುಗೆಯ ಗ್ಯಾಸ್ ಹಚ್ಚಿ ಕೋಣೆ ಕಾಯಿಸಬೇಡಿ. ಇವುಗಳಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ತಲೆನೋವು, ಓಕರಿಕೆ, ನಿದ್ದೆ ಬಂದಂತಾಗಿ ಎಚ್ಚರ ತಪ್ಪುತ್ತದೆ. ಬಾಯ್ಲರ್ ಇರುವ ಕೋಣೆಯಲ್ಲಿ ಈ ಅನಿಲವನ್ನು ಪತ್ತೆಹಚ್ಚುವ ಅಲಾರಂ ಇರಲೇಬೇಕು, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು.

ಗಾಳಿ ನಿಂತ ಮಾರನೆಯ ಬೆಳಗ್ಗೆ ರಸ್ತೆಯ ಆಚೆಬದಿಗೆ ಹೋಗಿ ಛಾವಣಿ ನೋಡಿ. ಕಲ್ಲುಹಂಚು ಜಾರಿದೆಯೇ, ಮಳೆನೀರಿನ ದೋಣಿಯಲ್ಲಿ ಎಲೆ ತುಂಬಿ ನೀರು ಗೋಡೆಯ ಮೇಲೆ ಇಳಿಯುತ್ತಿದೆಯೇ, ಬಾಯ್ಲರಿನ ಹೊಗೆಕೊಳವೆಯ ಬಾಯಿ ನೆಟ್ಟಗಿದೆಯೇ ಎಂದು ಪರೀಕ್ಷಿಸಿ. ಕೊಳವೆ ಅಲುಗಿದಂತೆ ಕಂಡರೆ ಬಾಯ್ಲರ್ ಆರಿಸಿಯೇ ರಿಪೇರಿಯವರಿಗೆ ಫೋನ್ ಮಾಡಿ. ದೋಣಿಯ ಎಲೆಯನ್ನು ಮುಂದಿನ ಗಾಳಿ ಬರುವ ಮುಂಚೆ ತೆಗೆಸಿ, ನೆನೆದ ಗೋಡೆ ಒಣಗೋಡೆಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ.