ಸಾಲಕ್ಕೊಂದು ಸಂಚಿ ಹೊಲೀರಿ

ಸಾಲ ತೀರ್ಸೋದು ಒಂದನೇ ತಾರೀಖಿನ ಕೆಲಸ ಅಂತ ಈಗಿನ ಹುಡುಗ್ರು ತಿಳಕೊಂಡಾರ. ಪಗಾರ ಬಂತು, ಮೊಬೈಲ್ ಒತ್ತಿದ್ರು, ಕಂತು ಹೋತು, ಮುಗೀತು. ಹತ್ತನೇ ತಾರೀಖಿಗೆ ಕಿರಾಣಿ ಅಂಗಡ್ಯಾಗ ಉದ್ರಿ, ಇಪ್ಪತ್ತಕ್ಕ ಕೈಗಡ, ಮತ್ತ ಒಂದನೇ ತಾರೀಖು. ಮೂರು ವರ್ಷ ಕಂತು ತುಂಬೇವಿ, ಸಾಲ ಇದ್ದಲ್ಲೇ ಐತಿ ಅಂತ ಮಾರಿ ಸಣ್ಣ ಮಾಡ್ಕೊಂಡು ಕೂಡ್ತಾರ. ಇರದ ಏನ್ ಮಾಡೀತು? ಒಂದು ಕೈಲೆ ಕಟ್ಟಿ ಇನ್ನೊಂದು ಕೈಲೆ ತಂದೀರಿ. ರೊಟ್ಟಿ ದಿನಾ ಬಡಿತೀರಿ, ಕಸ ದಿನಾ ಹೊಡಿತೀರಿ. ಸಾಲ ತೀರ್ಸೂದೂ ದಿನಾ ಮಾಡೂವಂಥ ಕೆಲಸ. ಅದಕ್ಕ ಒಂದು ಸಂಚಿ, ಅಂದ್ರ ಕಿಸೆ ಕಿಸೆ ಇರೂ ಅರಿವಿ ಚೀಲ ಹೊಲದು, ದಿನಾ ಅದರಾಗ ಕಂತಿನ ರೊಕ್ಕ ಹಾಕ್ರಿ ಅಂತೇನಿ.

ಹಿಂದಕ ಬೀಸೂಕಲ್ಲಿನ ಮುಂದ ಕುಂದ್ರೂ ಮೊದಲ ಒಂದು ಹಿಡಿ ಜೋಳ ತಗದು ಗಡಿಗ್ಯಾಗ ಹಾಕತಿದ್ರು, ಉಳದದ್ದು ಬೀಸತಿದ್ರು. ಬೀಸಿ ಉಂಡು ಉಳದ್ರ ಹಾಕೂಣು ಅಂತ ಯಾರೂ ಅಂತಿದ್ದಿಲ್ಲ. ನೀವು ಮಾಡೂದು ಬರೋಬ್ಬರಿ ಉಲ್ಟಾ.

ಮೊದಲ ಕೂತು ಬರೀರಿ. ಮೊಬೈಲಿನಾಗ ಅಲ್ಲ, ಗ್ವಾಡಿ ಕ್ಯಾಲೆಂಡರಿನ ಬೆನ್ನಿಗೆ. ಹೆಂಡತಿಗೆ ಹೇಳದ ಗಂಡ ತಂದದ್ದು, ಗಂಡಗ ಹೇಳದ ಹೆಂಡತಿ ಸಂಘದಾಗ ಎತ್ತಿದ್ದು, ಎಲ್ಲಾ ಹೊರಗ ಬರಲಿ. ಆ ದಿನ ಮನ್ಯಾಗ ಒಂದು ಜಗಳ ಆಗತೈತಿ, ಆಗಲಿ. ಕಿರಾಣಿ ಉದ್ರಿ, ಹಾಲಿನವನ ಬಾಕಿ ಬಿಡಬ್ಯಾಡ್ರಿ. ಭಿಶಿ, ಅಂದ್ರ ಮಂದಿ ಕೂಡಿ ಹಾಕೂ ಚೀಟಿ, ಮೊದಲ ಪಾಳಿಗೇ ಎತ್ತಿ ಖರ್ಚು ಮಾಡಿದವರು ಇನ್ನೂ ಅದನ್ನ ಉಳಿತಾಯ ಅಂತಾರ. ಎತ್ತಿ ಆದ ಮ್ಯಾಲ ಅದು ಸಾಲನ, ಅದನ್ನೂ ಬರೀರಿ. ಲಗ್ನದಾಗ ಬಂದ ಆಯಾರ ತಿರುಗಿ ಮಾಡೂದು ಯಾರ್ಯಾರಿಗೆ ಐತಿ, ಅದೂ ಇರಲಿ. ಇಲ್ಲಾಂದ್ರ ಬೇಸಗಿ ಲಗ್ನದ ಹಂಗಾಮಿನಾಗ ಸೀರಿ ಅಂಗಡಿ ಬಿಲ್ಲು ಎಲ್ಲಾ ಲೆಕ್ಕ ಕೆಡಸತೈತಿ.

ಒಂದೊಂದು ಸಾಲದ ಮುಂದ ಎರಡು ಅಂಕಿ ಬೇಕು: ಅಸಲು ಎಷ್ಟು ಉಳದೈತಿ, ಬಡ್ಡಿ ವರ್ಷಕ್ಕ ನೂರಕ್ಕ ಎಷ್ಟು. ಕಲತವರೂ ಜಾರಿ ಬೀಳೂದು ಇಲ್ಲೇ. ಮೂರು ರೂಪಾಯಿ ಬಡ್ಡಿ ಅಂದ್ರ ಕಿವಿಗೆ ಹಗೂರ. ಅದು ತಿಂಗಳಿಗೆ ನೂರಕ್ಕ 3, ವರ್ಷಕ್ಕ 36. ದಿನದ ಬಡ್ಡಿಯವರು 10,000 ಬರಸ್ಕೊಂಡು ಕೈಗೆ 9,000 ಕೊಡ್ತಾರ, ದಿನಕ್ಕ 100ರಂಗ ನೂರು ದಿನ ವಸೂಲಿ ಮಾಡ್ತಾರ. ಸಾವಿರ ರೂಪಾಯಿ ಏನ್ ದೊಡ್ಡದು ಅಂತೀರಿ. ಮೊದಲನೇ ದಿನದಿಂದನ ತಿರುಗಿ ಕೊಡಾಕತ್ತಿದ ಮ್ಯಾಲ ಆ 9,000 ನಿಮ್ಮ ಕೈಯಾಗ ನೂರು ದಿನ ಎಲ್ಲಿ ಇತ್ತು? ಸರಾಸರಿ ನಾಲ್ಕೂವರಿ ಸಾವಿರ ಅಷ್ಟ. ಅದರ ಮ್ಯಾಲ ನೂರು ದಿನಕ್ಕ ಸಾವಿರ ಅಂದ್ರ ವರ್ಷಕ್ಕ ನೂರಕ್ಕ 80ರ ಮ್ಯಾಲ ಹೋಗತೈತಿ. ಫ್ಲಾಟ್ ಬಡ್ಡಿ ಅನ್ನೂದೂ ಇದರ ತಮ್ಮನ. 50,000ಕ್ಕ ಫ್ಲಾಟ್ 12, ಎರಡು ವರ್ಷ ಅಂದ್ರ ಬಡ್ಡಿ 12,000 ಕೂಡಿಸಿ ತಿಂಗಳಿಗೆ 2,583 ಕಂತು. ಅಸಲು ಕರಗಿದ್ರೂ ಬಡ್ಡಿ ಪೂರಾ 50,000ದ ಮ್ಯಾಲನ ನಡದಿರತೈತಿ, ಅದಕ್ಕ ಖರೇ ಬಡ್ಡಿ ಇಪ್ಪತ್ತೊಂದೂವರಿ ಹತ್ರ ಬರತೈತಿ. ಸಾಲ ತಗೊಳ್ಳೂವಾಗ ಒಂದ ಮಾತು ಕೇಳ್ರಿ: ಬಡ್ಡಿ ಉಳದ ಅಸಲಿನ ಮ್ಯಾಲೋ, ಮೊದಲಿನ ಅಸಲಿನ ಮ್ಯಾಲೋ?

ಅಂಕಿ ಬರದ ಮ್ಯಾಲ ಯಾವುದು ಮೊದಲ ಅಂತ ಕೇಳೂದೇ ಬ್ಯಾಡ. ಹೆಚ್ಚ ಬಡ್ಡಿದು ಮೊದಲ. ನೀವು ಏನ್ ಮಾಡ್ತೀರಿ, ಯಾರು ಬಾಗಲಿಗೆ ಬಂದು ದನಿ ಎತ್ತತಾರ ಅವರಿಗೆ ಮೊದಲ ಕೊಡ್ತೀರಿ, ಮೂರು ರೂಪಾಯಿದು ಹಂಗ ಬೆಳಕೊಂತ ಹೋಗತೈತಿ. ಉಳದವಕ್ಕೆಲ್ಲಾ ಕಂತು ಎಷ್ಟೋ ಅಷ್ಟ ತುಂಬ್ರಿ, ತಪ್ಪಸಬ್ಯಾಡ್ರಿ. ಕೈಯಾಗ ಹೆಚ್ಚಿಗಿ ಬಂದದ್ದೆಲ್ಲಾ ಆ ಒಂದರ ಮ್ಯಾಲ ಹಾಕ್ರಿ.

ಸಾಲ ತಗದು ಸಾಲ ತೀರ್ಸಬ್ಯಾಡ್ರಿ ಅಂತ ಎಲ್ಲಾರೂ ಹೇಳ್ತಾರ. ಅದು ಅರ್ಧ ಮಾತು. 36ರ ಸಾಲ ಹೊತ್ಕೊಂಡು ಟ್ರಂಕಿನಾಗ ಬಂಗಾರ ಇಟ್ಕೊಂಡು ಕೂಡೂದು ಯಾವ ಶಾಣ್ಯಾತನ? ಬ್ಯಾಂಕಿನಾಗ ಬಂಗಾರ ಇಟ್ರ ವರ್ಷಕ್ಕ ನೂರಕ್ಕ ಹತ್ತರ ಆಚೀಚೆ ಬಡ್ಡಿ, ಅಂದ್ರ ತಿಂಗಳಿಗೆ ಒಂದು ರೂಪಾಯಿನೂ ಇಲ್ಲ. ಅದನ್ನ ತಂದು ಇದನ್ನ ಹರೀರಿ. ಆದ್ರ ಅದ ದಿನ ಹರೀಬೇಕು. ರೊಕ್ಕ ಒಂದು ರಾತ್ರಿ ಮನ್ಯಾಗ ಮಲಗಿದ್ರ ಮುಂಜಾನೆ ಅದಕ್ಕ ಕಾಲು ಬಂದಿರತಾವ. ಇಡೂವಾಗ ಹರಳಿನ ತೂಕ ಕಳದು ನಿಕ್ಕಿ ತೂಕ ಎಷ್ಟು ಬರದಾರ ಚೀಟ್ಯಾಗ ನೋಡ್ಕೋರಿ. ವರ್ಷ ತುಂಬಿದ ಮ್ಯಾಲ ಬರೇ ಬಡ್ಡಿ ಕಟ್ಟಿ ತಿರುವಿ ಹಾಕಬ್ಯಾಡ್ರಿ. ಬಡ್ಡಿ ಜೋಡಿ ಅಸಲಿನ ಒಂದು ಪಾಲು ಕಟ್ಟಿದ್ರ ಮಾತ್ರ ಬಂಗಾರ ಮನಿ ಕಡೆ ಒಂದು ಹೆಜ್ಜಿ ಬರತೈತಿ.

ಹೊಲ ಇದ್ದವರಿಗೆ ಸೊಸಾಯಿಟಿ ಬೆಳಿಸಾಲದ್ದು ಬ್ಯಾರೆ ಕಥಿ. ಸಾವಕಾರರ ಬಡ್ಡಿಯಿಂದ ಪಾರಾಗಾಕಂತನ 1905ರಾಗ ಗದಗ ಹತ್ರದ ಕಣಗಿನಹಾಳದಾಗ ನಮ್ಮ ರಾಜ್ಯದ ಮೊದಲನೇ ಸಹಕಾರಿ ಸಂಘ ಕಟ್ಟಿದ್ರು. ನೂರು ವರ್ಷ ದಾಟಿದ ಮ್ಯಾಲೂ ನೀವು ಸಾವಕಾರನ ಕಟ್ಟಿ ಮ್ಯಾಲ ಕೂತೀರಿ, ಅದೂ ಸೊಸಾಯಿಟಿ ಸಾಲ ಕಟ್ಟಾಕ! ಪಿಕೆಪಿಎಸ್, ಅಂದ್ರ ಊರಿನ ಕೃಷಿ ಪತ್ತಿನ ಸೊಸಾಯಿಟಿ, ಕೊಡೂ ಬೆಳಿಸಾಲಕ್ಕ ಬಡ್ಡಿ ಇಲ್ಲ, ಖರೆ, ಆದ್ರ ವಾಯಿದೆ ಒಳಗ ಕಟ್ಟಿದವರಿಗೆ ಅಷ್ಟ. ವಾಯಿದೆ ಬಂತಂದ್ರ ಎಂಟು ದಿನಕ್ಕಂತ ಕೈಗಡ ತಂದು ಕಟ್ಟೂದು, ಹೊಸ ಸಾಲ ಕೈಗೆ ಬಂದ ಮ್ಯಾಲ ಕೈಗಡ ತಿರುಗಿಸೂದು ರೂಢಿ ಆಗೇತಿ. ಹೊಸ ಸಾಲ ಬರೂದು ತಡಾ ಆದ್ರ ಆ ಎಂಟು ದಿನ ಎರಡು ತಿಂಗಳ ಆಗತೈತಿ. 1,00,000ಕ್ಕ ಮೂರು ರೂಪಾಯಿಯಂಗ ಎರಡು ತಿಂಗಳಿಗೆ 6,000. ಬಡ್ಡಿ ಇಲ್ಲದ ಸಾಲಕ್ಕ ಆರು ಸಾವಿರ ಬಡ್ಡಿ! ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ದಿನನ ಮೂರನೇ ಒಂದು ಪಾಲು ಬ್ಯಾರೆ ಖಾತೆಗೆ ಹಾಕಿ, ಆ ಖಾತೆದ ಎಟಿಎಂ ಕಾರ್ಡ್ ತಗೊಳ್ಳಾಕನ ಹೋಗಬ್ಯಾಡ್ರಿ.

ಈಗ ಸಂಚಿ. ಎಲಿ ಅಡಕಿ ಸಂಚಿ ನೋಡೇ ಇರ್ತೀರಿ. ಒಂದರೊಳಗೊಂದು ಕಿಸೆ, ಎಲಿಗೊಂದು, ಅಡಕಿಗೊಂದು, ಸುಣ್ಣದ ಡಬ್ಬಿಗೊಂದು, ಮ್ಯಾಲ ಹುರಿ. ಸಾಲಕ್ಕೂ ಹಂತಾದ್ದ ಬೇಕು, ಒಂದೊಂದು ಸಾಲಕ್ಕ ಒಂದೊಂದು ಕಿಸೆ. ಹಳೇದನ್ನ ತೊಳದು ಬಳಸಬ್ಯಾಡ್ರಿ, ಸುಣ್ಣದ ಕಲಿ ಬಿದ್ದ ನೋಟು ಅಂಗಡಿಯವ ಮುಟ್ಟೂದಿಲ್ಲ. ಹೊಸಾದು ಹೊಲೀರಿ. ಹೊರಗ ಗುಳೇದಗುಡ್ಡದ ಖಣ, ಒಳಗ ಹಳೇ ಇಳಕಲ್ ಸೀರಿ ಒಡಲು. ನುಣ್ಣಗಿನ ನೈಲಾನ್ ಅರಿವಿ ತಂದೀರಿ ಜ್ವಾಕಿ, ಗಂಟು ನಿಲ್ಲೂದಿಲ್ಲ, ನೋಟು ಜಾರತಾವ. ಖಣ ಕತ್ತರಿಸೂ ಮೊದಲ ಉಪ್ಪು ಹಾಕಿದ ತಣ್ಣೀರಾಗ ಒಂದು ತಾಸು ನೆನಸಿ ನೆಳ್ಳಾಗ ಒಣಗಸ್ರಿ. ಹೊಲದ ಮ್ಯಾಲ ತೊಳದ್ರ ಮುದುರತೈತಿ.

ಅಗಲ ಒಂದು ಗೇಣಿರಲಿ. 500ರ ನೋಟು 15 ಸೆಂಟಿಮೀಟರ್ ಉದ್ದ. ಮಡಚದ ಅಡ್ಡ ಮಲಗಿಸಿದ್ರ ಎರಡೂ ಕಡೆ ಒಂದೊಂದು ಬೆರಳು ಉಳಿಬೇಕು, ಹೊಲಿಗಿಗೆ ಅಷ್ಟು ಬೇಕಾಗತೈತಿ. ಮಡಚಿ ತುರುಕಿದ ನೋಟು ಎಷ್ಟದಾವ ತಿಳಿಯೂದಿಲ್ಲ, ಸಪಾಟ ಇದ್ರ ಹೆಬ್ಬೆರಳಿನಾಗ ಎಣಸಬಹುದು. ಕಿಸೆಗಳ ಬಾಯಿ ಒಂದಕ್ಕಿಂತ ಒಂದು ಎರಡು ಬೆರಳು ಕೆಳಗ ಬರಲಿ, ಪಾವಟಿಗಿ ಇದ್ದಂಗ. ಎಲ್ಲಾ ಒಂದ ಮಟ್ಟಕ್ಕ ಹೊಲದ್ರ ಅವಸರದಾಗ ಒಂದರ ರೊಕ್ಕ ಇನ್ನೊಂದಕ್ಕ ಬೀಳತೈತಿ. ನಾಕಕ್ಕಿಂತ ಹೆಚ್ಚ ಕಿಸೆ ಬ್ಯಾಡ, ಚಿಲ್ಲರೆ ಬಾಕಿಗಳೆಲ್ಲಾ ಕಡೇ ಕಿಸೆಗೆ. ಬಾಯಿ ಅಂಚಿಗೆ ಬ್ಯಾರೆ ಬ್ಯಾರೆ ಬಣ್ಣದ ದಾರ: ಹೆಚ್ಚ ಬಡ್ಡಿದಕ್ಕ ಕೆಂಪು, ಅದು ಎಲ್ಲಾಕಿಂತ ಮುಂದ ಇರಲಿ. ಬುಡದಾಗ ಎರಡು ಹೊಲಿಗಿ, ಮೂಲಿಗೆ ಮೂರು. ಹುರಿ ಮಾತ್ರ ಹತ್ತೀದು, ನಿಮ್ಮ ಕೈಲೆ ಹೊಸದದ್ದು. ಎರಡು ಸುತ್ತು ಸುತ್ತಿ ಎರಡು ಗಂಟು ಹಾಕ್ರಿ. ಜಗ್ಗಿದ್ರ ಬಿಚ್ಚೂ ಕುಣಿಕಿ ಹಾಕಬ್ಯಾಡ್ರಿ, ಉಗುರು ಹಾಕಿ ಬಿಡಿಸೂವಂಗ ಇರಬೇಕು. ಆ ಗಂಟು ಬಿಡಿಸೂ ಹೊತ್ತಿನಾಗ ಅರ್ಧ ಮಂದಿಗೆ ಬುದ್ಧಿ ಬರತೈತಿ.

ಸೂಜಿ ದಾರ ಹೆಂಗೂ ಹೊರಗ ಬಂದಾವ, ಟ್ರಂಕಿನಾಗಿನ ಹಳೇ ಸೀರಿ ತಗದು ಒಂದು ಕೌದಿನೂ ಹೊಲಿಯಾಕ ಹಚ್ಚಿರಿ. ಚಳಿಗಾಲ ಬಂತಂತ ಕಂತಿನ ಮ್ಯಾಲ ಬ್ಲಾಂಕೆಟ್ ತರೂದು ನೋಡಿದ್ರ ಮೈ ಉರಿತೈತಿ. ಪದರ ಹಾಸಿ ನಡುವಿನಿಂದ ಅಂಚಿನ ಕಡೆ ದೊಡ್ಡ ಹೊಲಿಗಿ ಹಾಕಿ ಮೊದಲ ಹಿಡೀರಿ, ಆಮ್ಯಾಲ ಸಣ್ಣ ಹೊಲಿಗಿ. ಅಂಚಿನಿಂದ ಶುರು ಮಾಡಿದ್ರ ನಡುವ ಉಬ್ಬಿ ನಿಲ್ಲತೈತಿ. ಇರಲಿ, ಸಂಚಿಗೆ ಬರೂಣು.

ದಿನಾ ಸಂಜಿಗೆ ದೀಪ ಹಚ್ಚಿದ ಮ್ಯಾಲ, ರಾತ್ರಿ ಅಡಗಿಗೆ ಕೈ ಹಚ್ಚೂ ಮೊದಲ ಹಾಕ್ರಿ. ದುಡದವರ ತಮ್ಮ ಕೈಲೆ ಹಾಕಬೇಕು, ಹೆಂಡತಿ ಕೈಯಾಗ ಕೊಟ್ಟು ಹೊರಗ ಹೋಗೂದಲ್ಲ. ಎಷ್ಟು ಹಾಕೂದು ಅನ್ನೂದು ಇದರಾಗಿನ ಮುಖ್ಯ ಗುಟ್ಟು: ತಿಂಗಳ ಕಂತನ್ನ 30ಕ್ಕ ಹಂಚಬ್ಯಾಡ್ರಿ, 25ಕ್ಕ ಹಂಚ್ರಿ. ವಾರದ ಕಂತನ್ನ 7ಕ್ಕಲ್ಲ, 5ಕ್ಕ. ಅಮಾಸಿಗೆ ಮಗ್ಗ ನಿಲ್ಲತಾವ, ಎತ್ತು ಹೂಡೂದಿಲ್ಲ, ನಡುವ ಒಂದು ಜ್ವರ, ಒಂದು ಜಾತ್ರಿ. ಆ ದಿನ ಸಂಚಿಗೆ ಏನೂ ಬೀಳೂದಿಲ್ಲ ಅಂತ ಮೊದಲ ಒಪ್ಪಿಕೊಂಡು ಲೆಕ್ಕ ಹಾಕೂದು ಚಲೋ. ಕಂತು 2,600 ಇದ್ರ ದಿನಕ್ಕ 104. ಮೂವತ್ತೂ ದಿನ ಬಿತ್ತಂದ್ರ 3,120, ಹೆಚ್ಚಿಗಿ 520 ಬಂತು. ಅದನ್ನ ಹೋಳಗಿ ಮಾಡಿ ತಿನ್ನಾಕಲ್ಲ, ಅಸಲಿಗೆ. ಕಟ್ಟೂವಾಗ "ಇದು ಅಸಲಿಗೆ ಜಮಾ" ಅಂತ ಹೇಳಿ ಪಾವತಿ ಮ್ಯಾಲ ಬರಸ್ಕೋರಿ. ಸುಮ್ನ ಕೊಟ್ರ ಮುಂದಿನ ಕಂತಿಗೆ ಹಿಡದು ಇಡ್ತಾರ, ಬಡ್ಡಿ ಒಂದು ಪೈಸೆ ಇಳಿಯೂದಿಲ್ಲ.

ಸಂಚ್ಯಾಗಿಂದ ಚಿಲ್ಲರೆ ಬದಲಿ ಮಾಡೂದು ಬ್ಯಾಡ. "500 ಇಟ್ಟು ನಾಕು ನೂರು ತಗೋತೇನಿ" ಅನ್ನೂದರಿಂದನ ತೂತು ಶುರು. ಪಗಾರ ಬ್ಯಾಂಕಿಗೆ ಬರೂವವರು ಅದ ದಿನ ನೂರು, ಐವತ್ತರ ನೋಟು ಮಾಡಿಸ್ಕೋರಿ. ಕಿಸೆಗೊಂದು ಚೀಟಿ, ತಾರೀಖು ಮತ್ತ ಮೊತ್ತ ಪೆನ್ಸಿಲಿನಾಗ. ಇಡೂದು ಅರಿವಿ ಟ್ರಂಕಿನಾಗ. ಹಿಟ್ಟಿನ ಡಬ್ಬಿ ಬ್ಯಾಡ, ಜಗಲಿ ಮ್ಯಾಲೂ ಬ್ಯಾಡ, ದೇವರ ಹತ್ರ ಇಟ್ಟದ್ದನ್ನ ಯಾರೂ ಎಣಸೂದಿಲ್ಲ. ಸಂತಿ ದಿನ ಅದರಾಗಿಂದು ತಗದು ಬ್ಯಾಂಕಿಗೆ ಹಾಕ್ರಿ, ಎಂಟು ದಿನಕ್ಕಿಂತ ಹೆಚ್ಚ ರೊಕ್ಕ ಮನ್ಯಾಗ ಬ್ಯಾಡ. ಖಾತೆಯಿಂದ ತಾನ ಕಂತು ಹೋಗೂದಿದ್ರ ಎರಡು ದಿನ ಮೊದಲ ತುಂಬ್ರಿ. ಕಂತು ವಾಪಸ್ ಹೋದ್ರ ಬ್ಯಾಂಕಿನವರದೊಂದು ದಂಡ, ಸಾಲ ಕೊಟ್ಟವರದೊಂದು. ವರ್ಷಕ್ಕೊಮ್ಮೆ ಕಟ್ಟೂ ಸೊಸಾಯಿಟಿ ಸಾಲಕ್ಕ ಪಿಗ್ಮಿ, ಅಂದ್ರ ದಿನಾ ಸ್ವಲ್ಪ ಸ್ವಲ್ಪ ತುಂಬೂ ಠೇವಣಿ, ಚಲೋ. 1928ರಾಗ ಉಡುಪ್ಯಾಗ ಶುರು ಆದದ್ದು, ಇವತ್ತಿಗೂ ಬಾಗಲಿಗೆ ಬಂದು ಒಯ್ಯತಾರ. ಮುದತಿಗಿಂತ ಮೊದಲ ಮುರದ್ರ ಮಾತ್ರ ಕಡಿತ ಆಗತೈತಿ.

ವಾರದ ಸಂಘದ ಸಾಲದಾಗ ಹೆಣ್ಣಮಕ್ಕಳು ಅಂಜಿ ಕೆಡ್ತಾರ. ಒಂದು ವಾರ ತಪ್ಪಿದ್ರ ಗುಂಪಿನವರು ಏನಂತಾರೋ ಅಂತ ಓಡಿ ಹೋಗಿ ದಿನದ ಬಡ್ಡಿ ತರ್ತಾರ. ಅದಕ್ಕಿಂತ ವಾರದ ಮೊದಲ ಗುಂಪಿನಾಗ ಬಾಯಿ ಬಿಟ್ಟು ಹೇಳ್ರಿ. ಮೈಕ್ರೋಫೈನಾನ್ಸಿನವರು ಮುಂಜಾನೆ 9ರ ಮೊದಲ, ಸಂಜಿ 6ರ ಮ್ಯಾಲ ವಸೂಲಿಗೆ ಫೋನ್ ಮಾಡೂವಂಗಿಲ್ಲ, ಮುದತಿಗಿಂತ ಮೊದಲ ತೀರ್ಸಿದ್ರ ದಂಡ ಹಾಕೂವಂಗಿಲ್ಲ. 2022ರ ರಿಸರ್ವ್ ಬ್ಯಾಂಕ್ ನಿಯಮ ಅದು. ಬಾಗಲಕ್ಕ ಬಂದು ಕಿರುಕುಳ ಕೊಡೂದರ ಮ್ಯಾಲ 2025ರಾಗ ರಾಜ್ಯದ ಕಾಯ್ದೆನೂ ಬಂದೈತಿ. ಗೃಹಲಕ್ಷ್ಮಿ 2,000 ನಂಬಿ ಕಂತು ಹಚ್ಚಿಕೋಬ್ಯಾಡ್ರಿ ತಂಗೀ, ಅದು ಬರೂ ದಿನ ನಿಮ್ಮ ಕೈಯಾಗಿಲ್ಲ, ಕಂತಿನ ದಿನ ಮಾತ್ರ ತಪ್ಪೂದಿಲ್ಲ. ಬಂದಾಗ ಕೆಂಪು ದಾರದ ಕಿಸೆಗೆ ಹಾಕ್ರಿ.

ಒಂದು ಸಾಲ ತೀರಿತಂತ ಆ ಕಿಸೆ ಹೊಲದು ಮುಚ್ಚಬ್ಯಾಡ್ರಿ. ಅದಕ್ಕ ಬೀಳತಿದ್ದ ರೊಕ್ಕ ಮರುದಿನದಿಂದ ಮುಂದಿನ ಕಿಸೆಗೆ, ಒಂದು ದಿನನೂ ಬಿಡದ. ತೀರಿಸಿದ ದಿನ ಬಾಕಿ ಇಲ್ಲ ಅನ್ನೂ ಪತ್ರ ಬರಸ್ಕೊಂಡ ಬರ್ರಿ. ಕೊಟ್ಟ ಖಾಲಿ ಚೆಕ್ಕು, ಸಹಿ ಮಾಡಿದ ಬಾಂಡ್ ಪೇಪರ್ ಕೈಗೆ ಬಂದ ಮ್ಯಾಲ ಅಲ್ಲೇ ನಿಂತು ಹರೀರಿ. "ನಾಳೆ ಹುಡುಕಿ ಕೊಡ್ತೇನಿ" ಅಂದ್ರ ಕಡೇ ಕಂತು ನಾಳೆ ಕೊಡ್ರಿ. ಹೊಲದ ಮ್ಯಾಲ ತಗದ ಸಾಲ ಇದ್ರ ಬ್ಯಾಂಕಿನ ಪತ್ರ ಕೊಟ್ಟು ಬೋಜಾ, ಅಂದ್ರ ಉತಾರದಾಗ (ಪಹಣ್ಯಾಗ) ಬರದ ಸಾಲದ ನೋಂದಣಿ, ಕಡಿಮಿ ಮಾಡಸಬೇಕು, ಅದು ತಾನ ಹೋಗೂದಿಲ್ಲ. ಸಾಲ ತೀರಿ ಹತ್ತು ವರ್ಷ ಆದ ಮ್ಯಾಲ ಅಣ್ಣತಮ್ಮರು ಪಾಲು ಮಾಡ್ಕೊಳ್ಳಾಕ ಹೋದಾಗ ಹಳೇ ಬೋಜಾ ಕಂಡು ಕಚೇರಿಗೆ ಅಡ್ಡಾಡೂ ಮನಿಗಳು ಭಾಳ ಅದಾವ. ತಿಂಗಳ ಬಿಟ್ಟು ಹೊಸ ಉತಾರ ತಗಸ್ರಿ, ಋಣದ ಕಾಲಂ ಖಾಲಿ ಐತಿಲ್ಲೋ ಬೆಳಕಿನಾಗ ಹಿಡದು ನೋಡ್ರಿ.