ಕೋವಿಡ್ ವಾರ್ಡಿನಲ್ಲಿ ನಾವು ಬಿಡದೇ ಮಾಡಿದ ಕೆಲಸಗಳು

2021ರ ಎರಡನೇ ಅಲೆಯಲ್ಲಿ ನಾನು ಮಧ್ಯ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆಯಲ್ಲಿ ಕೋವಿಡ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು, 'ಆಗ ಹೇಗೆ ನಿಭಾಯಿಸಿದ್ರಿ ಮೇಡಂ?' ಅಂತ ಕೇಳುತ್ತಾರೆ. ಅವರಲ್ಲಿ ಹಲವರು ಆಗಿನ್ನೂ ಪಿಯುಸಿ ಓದುತ್ತಿದ್ದವರು. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನನಗೆ ಗಟ್ಟಿಯಾಗಿ ಅನ್ನಿಸಿದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಿಬ್ಬಂದಿಯ ಮನಸ್ಸು ಬೇರೆ ವಿಷಯ, ರೋಗಿಯ ಆರೈಕೆ ಬೇರೆ ವಿಷಯ ಅನ್ನುವ ಹಾಗೆ ಎಲ್ಲರೂ ಮಾತಾಡುತ್ತಾರೆ. ವಾರ್ಡಿನೊಳಗೆ ಅವೆರಡೂ ಒಂದೇ ಆಗಿದ್ದವು. ಪಿಪಿಇ ಕಿಟ್ ಒಳಗೆ ಆರು ತಾಸು ಬೆವರಿ ಹೊರಬಂದ ಹುಡುಗಿಗೆ 'ನನ್ನ ಪಾಲಿನವರನ್ನ ಇವತ್ತು ಸರಿಯಾಗಿ ನೋಡಿಕೊಂಡೆ' ಅನ್ನಿಸಿದರೆ, ಅವಳು ಊಟ ಮಾಡಿ ನಿದ್ದೆ ಮಾಡುತ್ತಿದ್ದಳು. 'ಮೂಲೆ ಬೆಡ್ಡಿನ ಅಜ್ಜ ನೀರು ಕೇಳಿದ್ರು ಅಕ್ಕಾ, ಹೋಗೋಕೇ ಆಗಲಿಲ್ಲ' ಅನ್ನುತ್ತಾ ಬಂದವಳು ನಿದ್ದೆ ಮಾಡುತ್ತಿರಲಿಲ್ಲ. ಮೈ ದಣಿದವರು ಎರಡು ದಿನ ರಜೆ ಸಿಕ್ಕರೆ ಸುಧಾರಿಸಿಕೊಳ್ಳುತ್ತಿದ್ದರು. ಮಾಡಬೇಕಾದ್ದನ್ನು ಮಾಡಲಾಗದೆ ಬಂದವರು ರಜೆ ಮುಗಿಸಿ ಬಂದರೂ ಹಾಗೇ ಇರುತ್ತಿದ್ದರು.

ಮೊದಲ ಅಲೆಯ ಕಷ್ಟ ಬೇರೆ ಥರದ್ದು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ ಆದಾಗ ನಮಗೆ ಈ ಕಾಯಿಲೆಯೇ ಗೊತ್ತಿರಲಿಲ್ಲ. ಮಾರ್ಚ್ 22ರ ಸಂಜೆ ಊರೆಲ್ಲ ತಟ್ಟೆ ಬಾರಿಸಿ ನಮಗೆ ಗೌರವ ಕೊಟ್ಟಿತು. ಅದಾಗಿ ಕೆಲವೇ ದಿನಕ್ಕೆ ನಮ್ಮ ಒಬ್ಬ ಸ್ಟಾಫ್ ನರ್ಸ್‌ಗೆ ಬಾಡಿಗೆ ಮನೆ ಖಾಲಿ ಮಾಡಲು ಹೇಳಿದರು. ಆರೋಗ್ಯ ಸಿಬ್ಬಂದಿ ಮೇಲೆ ಕೈ ಮಾಡಿದರೆ ಏಳು ವರ್ಷದವರೆಗೆ ಜೈಲು ಅಂತ ಏಪ್ರಿಲ್ 22ರಂದು ಸುಗ್ರೀವಾಜ್ಞೆ ಬಂತು. ಆಗಿನ ದೊಡ್ಡ ಭಯ ಅಂದರೆ ಮನೆಗೆ ಸೋಂಕು ಒಯ್ಯುತ್ತೇವೇನೋ ಅನ್ನೋದು. 2021ರ ಜನವರಿ 16ರಿಂದ ನಮಗೆ ಲಸಿಕೆ ಸಿಕ್ಕ ಮೇಲೆ ಆ ಭಯ ಅರ್ಧಕ್ಕೆ ಇಳಿಯಿತು. ಅಷ್ಟರಲ್ಲಿ ಏಪ್ರಿಲ್ ಬಂತು.

ಮೇ ಮೊದಲ ವಾರ ರಾಜ್ಯದಲ್ಲಿ ಒಂದೇ ದಿನಕ್ಕೆ 50 ಸಾವಿರ ಹೊಸ ಪ್ರಕರಣ ದಾಖಲಾದವು. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನೋದು ನಾವು ಓದಿದ ಲೆಕ್ಕ. ನಮ್ಮಲ್ಲಿ ಆಕ್ಸಿಜನ್ ಮೇಲಿದ್ದ 15-20 ಜನರಿಗೆ ಒಬ್ಬರು ಇರುತ್ತಿದ್ದರು. ಕೆಲವು ರಾತ್ರಿ ಅದಕ್ಕಿಂತ ಜಾಸ್ತಿ. ಈ ಲೆಕ್ಕದಲ್ಲಿ ಎಲ್ಲಾ ಕೆಲಸವೂ ಆಗುವುದಿಲ್ಲ. ಹಾಗಾದರೆ ಯಾವುದು ಬಿಟ್ಟುಹೋಗುತ್ತದೆ? ಡಾಕ್ಟರ್ ಬರೆದಿದ್ದು, ಚಾರ್ಟಿನಲ್ಲಿ ತುಂಬಬೇಕಾದ್ದು ಹೇಗೋ ಆಗಿಬಿಡುತ್ತದೆ. ಯಾರೂ ಬರೆದುಕೊಡದ ಕೆಲಸಗಳೇ ಮೊದಲು ಬಿಟ್ಟುಹೋಗುತ್ತವೆ. ನೀರು ಕುಡಿಸುವುದು, ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಮಾತಾಡಿಸುವುದು.

ನಾವು ಕೆಲವೇ ಹಿರಿಯ ನರ್ಸ್‌ಗಳು ಕೂತು ಇದನ್ನು ತಿರುಗಿಸಿದೆವು. ಏನೇ ಆದರೂ ಬಿಡಬಾರದ ಕೆಲಸ ಯಾವುವು ಅಂತ ಮೊದಲು ಗುರುತು ಮಾಡಿದೆವು. ಬಿಟ್ಟರೆ ನಡೆಯುವಂಥವನ್ನು ಬಾಯಿಬಿಟ್ಟು ಹೇಳಿದೆವು. ಎರಡು ರಿಜಿಸ್ಟರಿನಲ್ಲಿ ಒಂದೇ ವಿಷಯ ಬರೆಯುವುದನ್ನು ನಿಲ್ಲಿಸಲು ವೈದ್ಯರ ಒಪ್ಪಿಗೆ ತಗೊಂಡೆವು. ಒಳಗಿನಿಂದ ಕಾಗದ ಹೊರಗೆ ಬರುವಂತಿರಲಿಲ್ಲ. ಹಾಗಾಗಿ ವಾರ್ಡಿನದ್ದೇ ಒಂದು ಫೋನ್ ಇಟ್ಟು, ಚಾರ್ಟಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹೊರಗಿನ ಟೇಬಲ್‌ಗೆ ಕಳಿಸಿದೆವು. ಹೊರಗಿನವರು ಬರೆದುಕೊಂಡರು. ಒಳಗಿದ್ದವರ ಕೈ ಅಷ್ಟು ಬಿಡುವಾಯಿತು. ಇನ್‌ಚಾರ್ಜ್ ಆದವರು 'ಇದನ್ನ ಇವತ್ತು ಬಿಡಿ, ಜವಾಬ್ದಾರಿ ನಂದು' ಅಂತ ಹೇಳದಿದ್ದರೆ ಹೊಸ ಹುಡುಗಿಯರು ಯಾವುದನ್ನೂ ಬಿಡುವುದಿಲ್ಲ. ಎಲ್ಲವನ್ನೂ ಅರ್ಧರ್ಧ ಮಾಡಿ ಅಳುತ್ತಾ ಹೊರಬರುತ್ತಾರೆ.

ಬಿಡಬಾರದ ಕೆಲಸಗಳಲ್ಲಿ ಮೊದಲನೆಯದು ಆಕ್ಸಿಜನ್ ರೌಂಡ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ದೊಡ್ಡ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ 7 ಸಾವಿರ ಲೀಟರ್ ಆಕ್ಸಿಜನ್ ಇರುತ್ತದೆ. ಚೀಲ ಇರುವ ಎನ್‌ಆರ್‌ಬಿಎಂ ಮಾಸ್ಕ್‌ಗೆ ನಿಮಿಷಕ್ಕೆ 15 ಲೀಟರ್ ಬಿಟ್ಟರೆ ಏಳೆಂಟು ತಾಸು ಬರುತ್ತದೆ. ಮೂಗಿನ ನಳಿಕೆಯಲ್ಲಿ ಜೋರಾಗಿ ಆಕ್ಸಿಜನ್ ಬಿಡುವ ಎಚ್‌ಎಫ್‌ಎನ್‌ಸಿ ಯಂತ್ರಕ್ಕೆ 60 ಲೀಟರ್ ಬಿಟ್ಟರೆ ಎರಡು ತಾಸೂ ಬರುವುದಿಲ್ಲ. ಭಯದಲ್ಲಿ ಎಲ್ಲರಿಗೂ ಫುಲ್ ಬಿಡುವುದೇ ರೂಢಿಯಾಗಿತ್ತು. ರೋಗಿ ಕಡೆಯವರೂ 'ಇನ್ನೂ ಜಾಸ್ತಿ ಬಿಡ್ರಿ ಸಿಸ್ಟರ್' ಅನ್ನುತ್ತಿದ್ದರು. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ 92ರಿಂದ 96ರ ಒಳಗೆ ನಿಂತರೆ ಸಾಕು. 99 ತೋರಿಸುತ್ತಿರುವವರಿಗೆ 15 ಲೀಟರ್ ಹೋಗುತ್ತಿದೆ ಅಂದರೆ ಅದು ಪಕ್ಕದ ಬೆಡ್ಡಿನವರ ಪಾಲು. ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯಲ್ಲಿ ಆಕ್ಸಿಜನ್ ನೋಡಿಕೊಳ್ಳಲೆಂದೇ ನರ್ಸ್‌ಗಳನ್ನು ಇಟ್ಟಿದ್ದರು. ನಾವೂ ಪ್ರತಿ ಶಿಫ್ಟಿನಲ್ಲಿ ಒಬ್ಬರಿಗೆ ಅದೊಂದೇ ಕೆಲಸ ಕೊಟ್ಟೆವು. ಎರಡು ತಾಸಿಗೊಮ್ಮೆ ಪ್ರತಿ ಬೆಡ್ಡಿಗೆ ಹೋಗುವುದು, ರೀಡಿಂಗ್ ನೋಡುವುದು, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯಾ, ಚೀಲ ಉಬ್ಬಿದೆಯಾ, ಪೈಪ್ ಎಲ್ಲಾದರೂ ಮಡಚಿದೆಯಾ ನೋಡುವುದು, ಫ್ಲೋ ಇಳಿಸುವುದು ಅಥವಾ ಏರಿಸುವುದು. ಊಟಕ್ಕೆ ಮಾಸ್ಕ್ ತೆಗೆದವರಿಗೆ ಮೂಗಿನ ನಳಿಕೆ ಹಾಕುವುದು. ಬಾತ್‌ರೂಮಿಗೆ ಎದ್ದು ಹೋಗಿ ಬಿದ್ದವರ ಕಥೆ ಎಲ್ಲಾ ಆಸ್ಪತ್ರೆಯಲ್ಲೂ ಇತ್ತು. ಹಾಗಾಗಿ ಬೆಡ್ ಪ್ಯಾನ್ ಕೊಡುವುದೂ ಈ ರೌಂಡಿಗೇ ಸೇರಿತು.

ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ರೋಗಿಗಳು ತೀರಿಕೊಂಡದ್ದನ್ನು ಕೇಳಿದ ಮೇಲೆ ನಮ್ಮ ಕಣ್ಣೆಲ್ಲ ಪ್ರೆಷರ್ ಗೇಜ್ ಮೇಲೇ. ಕೇಂದ್ರ ಸರ್ಕಾರ ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಬೇಕು ಅಂತ ಹೈಕೋರ್ಟ್ ಹೇಳಿ, ಸುಪ್ರೀಂ ಕೋರ್ಟ್ ಅದನ್ನು ಉಳಿಸಿದ ವಾರ ಅದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಯಿಂದ ಟ್ಯಾಂಕರ್ ಹೊರಟಿದೆ ಅಂತ ಫೋನ್ ಬಂದರೆ ವಾರ್ಡಿನಲ್ಲಿ ಎಲ್ಲರ ಮುಖ ಸಡಿಲವಾಗುತ್ತಿತ್ತು. ಟ್ಯಾಂಕರ್ ತರಿಸುವುದು ನಮ್ಮ ಕೈಯಲ್ಲಿ ಇರಲಿಲ್ಲ. ಫ್ಲೋ ಮೀಟರ್ ತಿರುಗಿಸುವುದು ಇತ್ತು. ಕೈಯಲ್ಲಿ ಏನೋ ಒಂದು ಇದೆ ಅನ್ನುವುದೇ ಆ ದಿನಗಳಲ್ಲಿ ಹುಡುಗಿಯರಿಗೆ ದೊಡ್ಡ ಬಲ ಆಯಿತು. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಎರಡನೆಯದು ಬೋರಲು ಮಲಗಿಸುವುದು. ಎಚ್ಚರವಿರುವ ರೋಗಿಯನ್ನು ಹೊಟ್ಟೆ ಮೇಲೆ ಮಲಗಿಸಿದರೆ ಶ್ವಾಸಕೋಶದ ಬೆನ್ನಿನ ಭಾಗ ತೆರೆದುಕೊಂಡು ಸ್ಯಾಚುರೇಶನ್ ಏರುತ್ತದೆ. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆವರೆಗೆ ಒಂದೆರಡು, ಮೊಣಕಾಲಿಂದ ಪಾದದವರೆಗಿನ ಭಾಗದ ಕೆಳಗೆ ಎರಡು. ಅರ್ಧ ತಾಸಿನಿಂದ ಎರಡು ತಾಸು ಹಾಗೆ, ಆಮೇಲೆ ಬಲ ಮಗ್ಗುಲು, ಆಮೇಲೆ ಕೂರಿಸುವುದು, ಆಮೇಲೆ ಎಡ ಮಗ್ಗುಲು. ಊಟವಾಗಿ ಒಂದು ತಾಸು ಮಾಡಬಾರದು. ಗರ್ಭಿಣಿಯರಿಗೆ ಬೇಡ. ಕೇಳಲು ಸುಲಭ ಅಲ್ವಾ? ಉಸಿರು ಸಿಗದೆ ಒದ್ದಾಡುವವರಿಗೆ 'ಬೋರಲು ಮಲಗ್ರಿ' ಅಂದರೆ ಯಾರು ಒಪ್ಪುತ್ತಾರೆ? ಅಷ್ಟು ದಿಂಬೂ ಇರಲಿಲ್ಲ. ಕಂಬಳಿ ಸುತ್ತಿ ದಿಂಬು ಮಾಡಿದೆವು. ಒಬ್ಬೊಬ್ಬರ ಪಕ್ಕ ಕೂತು, ಬೆನ್ನ ಮೇಲೆ ಕೈ ಇಟ್ಟು, 'ಅಜ್ಜಾ, ಹತ್ತು ನಿಮಿಷ ನೋಡೋಣ್ರಿ, ಆಗದಿದ್ರೆ ನಾನೇ ಎಬ್ಬಿಸ್ತೀನಿ' ಅನ್ನಬೇಕಿತ್ತು. ಹತ್ತು ನಿಮಿಷಕ್ಕೆ ಮೀಟರಿನಲ್ಲಿ 86 ಇದ್ದದ್ದು 91 ಆದಾಗ ಅದನ್ನು ಅವರಿಗೇ ತೋರಿಸುತ್ತಿದ್ದೆವು. ಒಬ್ಬರದ್ದು ನೋಡಿ ಪಕ್ಕದ ಬೆಡ್ಡಿನವರು ತಾವೇ ತಿರುಗಿ ಮಲಗುತ್ತಿದ್ದರು. ಗ್ರೂಪ್ ಡಿ ನೌಕರರಿಗೆ ಇದನ್ನು ಕಲಿಸಿದ್ದು ತುಂಬಾ ಉಪಯೋಗಕ್ಕೆ ಬಂತು. ನಮ್ಮ ಒಬ್ಬ ವಾರ್ಡ್ ಬಾಯ್ ನಮಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದ. ಊರು ಯಾವುದು, ಹೊಲ ಎಷ್ಟು, ಏನು ಬಿತ್ತೀರಿ ಅಂತ ಕೇಳುತ್ತಲೇ ತಿರುಗಿಸಿಬಿಡುತ್ತಿದ್ದ.

ಇನ್ನೊಂದು, ಸಕ್ಕರೆ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಔಷಧಿ ಜೀವ ಉಳಿಸಿತು, ಜೊತೆಗೆ ಸಕ್ಕರೆಯನ್ನೂ ಏರಿಸಿತು. ಊಟಕ್ಕೆ ಮುಂಚೆ ಗ್ಲುಕೋಮೀಟರ್ ಹಿಡಿಯುವುದನ್ನು ಯಾವ ಶಿಫ್ಟೂ ಬಿಡುವಂತಿರಲಿಲ್ಲ. ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಬಂದ ಮೇಲೆ ಬಾಯಿ ಸ್ವಚ್ಛ ಮಾಡುವುದು, ಆಕ್ಸಿಜನ್‌ಗೆ ತೇವ ಕೊಡುವ ಬಾಟಲಿಯ ನೀರು ದಿನಾ ಬದಲಿಸುವುದು, ಮುಖದ ಒಂದು ಕಡೆ ಊತ, ಮರಗಟ್ಟುವುದು, ಕಣ್ಣು ನೋವು ಇದೆಯಾ ಅಂತ ಕೇಳುವುದು ಇದಕ್ಕೆ ಸೇರಿತು.

ಮನೆಗೆ ಫೋನ್ ಮಾಡಿಸುವುದು ಆರೈಕೆ ಅಲ್ಲ, ಸಮಯ ಇದ್ದರೆ ಮಾಡಿ ಅಂತ ಹೇಳಿದವರಿದ್ದರು. ನಾನು ಒಪ್ಪಲಿಲ್ಲ. ಹೊರಗೆ ಗೇಟಿನ ಹತ್ತಿರ ಬಿಸಿಲಲ್ಲಿ ಕೂತವರಿಗೆ ಒಳಗೆ ಏನಾಗುತ್ತಿದೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಸಿಟ್ಟು. ಆ ಸಿಟ್ಟು ಕೊನೆಗೆ ಸಿಸ್ಟರ್‌ಗಳ ಮೇಲೇ ಬೀಳುತ್ತದೆ. ಸಂಜೆ ಒಂದು ಹೊತ್ತು ಗೊತ್ತು ಮಾಡಿ, ವಾರ್ಡ್ ಫೋನಿನಿಂದ ವಿಡಿಯೋ ಕಾಲ್ ಮಾಡಿಸಿದೆವು. ಮಾತಾಡಲಾಗದವರ ಮುಖವನ್ನಾದರೂ ತೋರಿಸಿದೆವು. ಗೇಟಿನ ಗಲಾಟೆ ಕಡಿಮೆಯಾಯಿತು. ರೋಗಿಗಳು ಊಟ ಮಾಡತೊಡಗಿದರು. ಮಗಳು ಫೋನಿನಲ್ಲಿ 'ಎರಡು ತುತ್ತು ಉಣ್ಣವ್ವಾ' ಅಂದರೆ ತಾಯಿ ಉಣ್ಣುತ್ತಾಳೆ. ನಾವು ಹತ್ತು ಸಲ ಹೇಳಿದರೂ ಉಣ್ಣುವುದಿಲ್ಲ.

ಇನ್ನು ನಮ್ಮವರ ವಿಷಯ. ಯಾರೂ ಒಬ್ಬಂಟಿಯಾಗಿ ಒಳಗೆ ಹೋಗುವಂತಿರಲಿಲ್ಲ. ಅನುಭವ ಇದ್ದವರ ಜೊತೆ ಗುತ್ತಿಗೆ ಮೇಲೆ ಹೊಸದಾಗಿ ಬಂದವರನ್ನು ಜೋಡಿ ಮಾಡಿದೆ. ಕಿಟ್ ಹಾಕುವಾಗ ಒಬ್ಬರನ್ನೊಬ್ಬರು ನೋಡಬೇಕು, ಎದೆ ಮೇಲೆ ಮಾರ್ಕರಿನಲ್ಲಿ ಹೆಸರು ಬರೆಯಬೇಕು. ಕಿಟ್ ಬಿಚ್ಚುವಾಗಲಂತೂ ಜೋಡಿ ಎದುರಿಗೆ ನಿಂತು ಒಂದೊಂದೇ ಹಂತ ಹೇಳಬೇಕು. ದಣಿದ ಕೈಗಳು ಅವಸರ ಮಾಡುವುದು ಬಿಚ್ಚುವಾಗಲೇ, ಸೋಂಕು ತಗಲುವ ಅಪಾಯವೂ ಅಲ್ಲೇ ಜಾಸ್ತಿ. ಡ್ಯೂಟಿ ಪಟ್ಟಿ ಮಾಡುವಾಗ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿ ಬರೆದುಕೊಂಡೆ. ಹಾಲು ಕುಡಿಯುವ ಮಗು ಇರುವವರು, ಡಯಾಲಿಸಿಸ್‌ನಲ್ಲಿರುವ ಮಾವ ಇರುವವರು ಹೊರಗಿನ ಟೇಬಲ್‌ಗೆ. ಇದಕ್ಕೆ ತಕರಾರು ಬಂತು. 'ನಮಗೆ ಮಕ್ಕಳಿಲ್ಲ ಅಂತ ನಾವೇ ಒಳಗೆ ಹೋಗಬೇಕಾ?' ಅಂತ ಒಬ್ಬಳು ನೇರವಾಗಿ ಕೇಳಿದಳು. ಅವಳ ಮಾತು ನ್ಯಾಯದ್ದೇ. ಪಟ್ಟಿಯನ್ನು ಎಲ್ಲರೂ ಕೂತು ಮಾಡತೊಡಗಿದೆವು. ಒಳಗೆ ಹೆಚ್ಚು ಹೋದವರಿಗೆ ರಾತ್ರಿ ಪಾಳಿ ಕಡಿಮೆ ಮಾಡಿದೆವು. ತಕರಾರು ಪೂರ್ತಿ ನಿಲ್ಲಲಿಲ್ಲ, ಆದರೆ ಬೆನ್ನ ಹಿಂದೆ ಆಡುವ ಮಾತು ನಿಂತಿತು.

ಸಾವಿನ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ತೀರಿಕೊಂಡವರ ಮುಖ ತೊಳೆದು, ಕೂದಲು ಸರಿಮಾಡಿಯೇ ಕಳಿಸುತ್ತಿದ್ದೆವು. ಆ ಬೆಡ್ ನೋಡಿಕೊಂಡ ನರ್ಸ್‌ಗೆ ಕೂಡಲೇ ಹೊಸ ಅಡ್ಮಿಶನ್ ಕೊಡುತ್ತಿರಲಿಲ್ಲ. ಜೋಡಿಯವಳು ತಗೊಳ್ಳುತ್ತಿದ್ದಳು. ಶಿಫ್ಟ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಆ ರೋಗಿಗೆ ಏನೇನು ಮಾಡಿದೆವು ಅಂತ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆವು. ಬೋರಲು ಮಲಗಿಸಿದ್ದೆವು, ನೀರು ಕುಡಿಸಿದ್ದೆವು, ಮಗನ ಹತ್ತಿರ ಮಾತಾಡಿಸಿದ್ದೆವು. ಅಳುವವರು ಅತ್ತರು. ನಿದ್ದೆ ಬಾರದವರಿಗೆ, ಊಟ ಬಿಟ್ಟವರಿಗೆ ನಿಮ್ಹಾನ್ಸ್ ಸಹಾಯವಾಣಿಯ ನಂಬರ್ ಡೈನಿಂಗ್ ಗೋಡೆ ಮೇಲೆ ಅಂಟಿಸಿದ್ದೆ. ಕೆಲವರು ಫೋನ್ ಮಾಡಿದರು, ಅವರಿಗೆ ಒಳ್ಳೇದಾಯಿತು.

2022ರ ಡಿಸೆಂಬರ್ 27ರಂದು ದೇಶದಾದ್ಯಂತ ಕೋವಿಡ್ ಮಾಕ್ ಡ್ರಿಲ್ ನಡೆಯಿತು. ನಮ್ಮಲ್ಲೂ ಆಕ್ಸಿಜನ್ ಪ್ಲಾಂಟ್ ಚಾಲೂ ಮಾಡಿದರು, ವೆಂಟಿಲೇಟರ್ ಎಣಿಸಿದರು, ಹಾಸಿಗೆ ಎಣಿಸಿದರು. ಅದೆಲ್ಲ ಬೇಕು. ನಾನು ಅದಕ್ಕೆ ಇನ್ನೊಂದು ಸೇರಿಸಿಕೊಂಡಿದ್ದೇನೆ. ನಮ್ಮ ವಾರ್ಡಿನಲ್ಲಿ ಈಗಲೂ ಹೊಸಬರು ಬಂದಾಗ ಒಬ್ಬರನ್ನು ಮಂಚದ ಮೇಲೆ ಮಲಗಿಸಿ ದಿಂಬು ಇಟ್ಟು ಬೋರಲು ಮಾಡಿಸುತ್ತೇನೆ, ಫ್ಲೋ ಮೀಟರ್ ಕೊಟ್ಟು ಸಿಲಿಂಡರ್ ಎಷ್ಟು ತಾಸು ಬರುತ್ತದೆ ಅಂತ ಲೆಕ್ಕ ಹಾಕಿಸುತ್ತೇನೆ, ಕಿಟ್ ಬಿಚ್ಚಿಸುತ್ತೇನೆ. ನಾಳೆ ಬೆಳಿಗ್ಗೆ ರೋಗಿಗಳು ಮೂರು ಪಟ್ಟಾದರೆ ಯಾರು ಯಾರ ಜೋಡಿ, ಯಾವ ರಿಜಿಸ್ಟರ್ ಬಿಡಬೇಕು ಅನ್ನುವ ಪಟ್ಟಿ ನನ್ನ ಟೇಬಲ್ ಡ್ರಾಯರಿನಲ್ಲಿದೆ. ವರ್ಗಾವಣೆ ಆದಾಗಲೆಲ್ಲ ಅದರಲ್ಲಿ ಹೆಸರು ಬದಲಿಸುತ್ತೇನೆ. ಬೇರೆ ಆಸ್ಪತ್ರೆಯ ಇನ್‌ಚಾರ್ಜ್ ಸಿಸ್ಟರ್‌ಗಳು, ಬ್ರದರ್‌ಗಳು ಕೇಳಿದರೆ ಅದರ ಫೋಟೋ ಕಳಿಸುತ್ತೇನೆ, ನಿಮ್ಮ ಜನಕ್ಕೆ ತಕ್ಕ ಹಾಗೆ ತಿದ್ದಿಕೊಳ್ಳಿ.